ಹರಿಕೇನ್ ಎಂಜಿನ್ನಿನ ಬಿಸಿ ಇಳಿಸಿದ ಬೆಲ್ಲದ ನೀರು

ಹಳೆಯ ಸಿಜೆ-3ಬಿ ಮಾದರಿಯ ಜೀಪಿನ ಪೆಟ್ರೋಲ್ ಎಂಜಿನ್ ಬೆಂಗಳೂರು ಟ್ರಾಫಿಕ್ಕಿಗೆ ಆಗುವುದಿಲ್ಲ, ಕುದಿಯುತ್ತದೆ, ಇಳಿಸಿ ಡೀಸೆಲ್ ಕೂರಿಸಿ. ಕಲಾಸಿಪಾಳ್ಯದಿಂದ ಪೀಣ್ಯದವರೆಗೆ ನಾನು ಕೇಳಿದ ಮೆಕ್ಯಾನಿಕ್‌ಗಳೆಲ್ಲ ಹೇಳಿದ್ದು ಇದೇ ಮಾತು. ನನ್ನ ಗಾಡಿ ಈಗ ಅದೇ ಪೆಟ್ರೋಲ್ ಎಂಜಿನ್, 2.2 ಲೀಟರಿನ ಹರಿಕೇನ್, ಇಟ್ಟುಕೊಂಡೇ ಎರಡು ಬೇಸಿಗೆ ದಾಟಿದೆ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಫಸ್ಟು, ಸೆಕೆಂಡಿನಲ್ಲೇ ತೆವಳಿದರೂ ಬಿಸಿ ತೋರಿಸುವ ಮುಳ್ಳು 88 ಡಿಗ್ರಿ ದಾಟಲಿಲ್ಲ. ನಂದಿ ಬೆಟ್ಟವನ್ನು ನಾಲ್ಕು ಜನ ಕೂತು ಹತ್ತಿದ್ದೇವೆ, ಒಂದು ಕಡೆಯೂ ಬಾನೆಟ್ ಎತ್ತಲಿಲ್ಲ. ಆಗದು ಎಂದವರಲ್ಲಿ ಇಬ್ಬರು ಈಗ ತಮ್ಮ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಮೈ) ತಂದು, ಒಳಗಿನ ತುಕ್ಕು ಬಿಡಿಸುವ ನನ್ನ ಬೆಲ್ಲದ ನೀರಿನ ಡ್ರಮ್ಮಿಗೆ ಹಾಕಿಸಿಕೊಂಡು ಹೋಗಿದ್ದಾರೆ.

ಕೊಳ್ಳುವಾಗ ನೋಡುವುದೆಲ್ಲ ಇದನ್ನು ಓದುವವರಿಗೆ ಗೊತ್ತಿರುವುದೇ, ಒಂದು ಮಾತು ಮಾತ್ರ ಹೇಳುತ್ತೇನೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಕೂತಿರುವ ಗಾಡಿಗಳು ಇಲ್ಲಿ ಬಹಳ ಇವೆ. ವಾಟರ್ ಪಂಪ್ ಕೂರುವ ಜಾಗದ ಮೇಲೆ ಬ್ಲಾಕಿನಲ್ಲಿ ಒಂದು ಚಪ್ಪಟೆ ಉಬ್ಬು ಇದೆ, ಎಂಜಿನ್ ನಂಬರ್ ಇರುವುದು ಅಲ್ಲೇ. ಅದನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಓದದೆ ಅಡ್ವಾನ್ಸ್ ಕೊಡಬೇಡಿ. ನನ್ನದಕ್ಕೆ ಕಾಗದಪತ್ರ ಸರಿಯಿದ್ದ ಕಾರಣಕ್ಕೇ ಒಂದು ಲಕ್ಷ ಎಪ್ಪತ್ತು ಸಾವಿರದ ಹತ್ತಿರ ಬಿತ್ತು. ಕಾಗದವಿಲ್ಲದ್ದು ಎಪ್ಪತ್ತು ಎಂಬತ್ತಕ್ಕೆ ಸಿಗುತ್ತಿತ್ತು, ಅದು ಗುಜರಿಯ ಬೆಲೆ ಅಷ್ಟೇ.

ಎಂಜಿನ್ ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000, ಅವಧಿ 10 ವರ್ಷ. ಆದರೆ ಅದರಲ್ಲಿ ದಿನನಿತ್ಯ ಓಡಿಸುವಂತಿಲ್ಲ. ನನಗೆ ಓಡಿಸಬೇಕು, ಹಾಗಾಗಿ ಐದು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸುವ ಮಾಮೂಲಿ ದಾರಿಯಲ್ಲೇ ಇದ್ದೇನೆ. ಮುಂದೆ ಯಾವತ್ತಾದರೂ ‘ವಿಎ’ ಬೇಕು ಎನಿಸಿದರೆ ಡೀಸೆಲ್ ಹಾಕಿದವರಿಗೆ ಮೂಲ ರೂಪ ಎಲ್ಲಿಂದ ಬರಬೇಕು?

ಈಗ ಬಿಸಿಯ ವಿಷಯ. ಎಲ್ಲರಂತೆ ನಾನೂ ರೇಡಿಯೇಟರಿಗೆ ದುಡ್ಡು ಸುರಿದೆ. ಮೊದಲು ಮೂರು ಸಾಲಿನ ತಾಮ್ರದ ಕೋರ್ ಹೊಸದು ಹಾಕಿಸಿದ್ದು ಒಂಬತ್ತು ಸಾವಿರ. ಇಪ್ಪತ್ತು ನಿಮಿಷದ ಜಾಮಿನಲ್ಲಿ ಮುಳ್ಳು ನೂರಕ್ಕೆ ಹೋಯಿತು. ಆಮೇಲೆ ನಾಲ್ಕು ಸಾಲಿನದು, ಹದಿನಾಲ್ಕು ಸಾವಿರ. ಇಪ್ಪತ್ತರ ಬದಲು ಇಪ್ಪತ್ತೈದು ನಿಮಿಷ ತಡೆಯಿತು. ಎಲೆಕ್ಟ್ರಿಕ್ ಫ್ಯಾನಿಗೆ ನಾಲ್ಕೂವರೆ ಸಾವಿರ. ಐಡಲಿಂಗಿನಲ್ಲಿ ಹಳೆಯ ಡೈನಮೋ ಆ ಫ್ಯಾನನ್ನು ಸಾಕಲಾರದು, ಬ್ಯಾಟರಿ ಇಳಿದು ಸೆಲ್ಫ್ ಕೂಡ ಎಳೆಯದಾಯಿತು. ಒಟ್ಟು ಇಪ್ಪತ್ತೆಂಟು ಸಾವಿರದ ಹತ್ತಿರ ಹೋಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿಯದ ಸವೆದ ರೇಡಿಯೇಟರ್ ಕ್ಯಾಪ್ ಹಾಕಿಕೊಂಡು ನೂರರವರೆಗೆ ಕಾಯುವುದು ತಪ್ಪು ಲೆಕ್ಕ. 7 ಪೌಂಡ್ ಒತ್ತಡ ಹಿಡಿಯುವ ಒಳ್ಳೆಯ ಕ್ಯಾಪ್ ಹಾಕಿದ್ದೇ ಆ ಹಂತದಲ್ಲಿ ಮಾಡಿದ ಸರಿಯಾದ ಕೆಲಸ.

ಕಾರಣ ಗೊತ್ತಾದದ್ದು ಬ್ಲಾಕಿನ ನೀರು ಖಾಲಿ ಮಾಡುವ ನಲ್ಲಿ, ಡ್ರೈನ್ ಕಾಕ್, ಬಿಚ್ಚಿದಾಗ. ರೇಡಿಯೇಟರ್ ತುಂಬ ನೀರಿದೆ, ಬ್ಲಾಕಿನಿಂದ ಒಂದು ಹನಿ ಬರಲಿಲ್ಲ. ತಂತಿ ತೂರಿಸಿದರೆ ಕಾಲು ಇಂಚಿಗೆ ನಿಂತಿತು. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಒಳಬಿಡುವ ಇನ್‌ಟೇಕ್ ವಾಲ್ವ್ ಮೇಲಿನ ಹೆಡ್ಡಿನಲ್ಲಿ, ಸುಟ್ಟ ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಸುಟ್ಟ ಗಾಳಿ ಅಲ್ಲಿ ಬಿಡುವ ಶಾಖ ಬ್ಲಾಕಿನ ನೀರಿಗೇ ಇಳಿಯಬೇಕು. ನೀರು ಮುಂದಿನಿಂದ ಒಳಗೆ ಬರುತ್ತದೆ, ತುಕ್ಕು ಹಿಂದೆ ಹೋಗಿ ನಾಲ್ಕನೇ ಸಿಲಿಂಡರಿನ ಸುತ್ತ ಕೂರುತ್ತದೆ. ಥರ್ಮಾಮೀಟರ್ ಗನ್ ಹಿಡಿದು ನೋಡಿದರೆ ಮುಂದೆ 86, ನಾಲ್ಕನೆಯದರ ಪಕ್ಕ 112ರ ಹತ್ತಿರ. ಅಲ್ಲಿ ಹೀಗೆ ಬೇಯುತ್ತಿರುವಾಗ ಮುಂದೆ ಎಂಟು ಸಾಲಿನ ರೇಡಿಯೇಟರ್ ಹಾಕಿದರೂ ಏನೂ ಆಗದು. ನಾಲ್ಕನೇ ಎಕ್ಸಾಸ್ಟ್ ವಾಲ್ವ್ ಪದೇ ಪದೇ ಸುಡುವವರು ಮೊದಲು ಡ್ರೈನ್ ಕಾಕ್ ಬಿಚ್ಚಿ ನೋಡಿ.

ಹೆಡ್ ಎತ್ತುವಾಗ ಎಚ್ಚರ. ಒಂದು ಬೋಲ್ಟ್ ಕಾರ್ಬೊರೇಟರ್ ಕೆಳಗೆ, ಇನ್‌ಟೇಕ್ ದಾರಿಯ ಒಳಗೇ ಅಡಗಿದೆ. ಕಾರ್ಬೊರೇಟರ್ ಬಿಚ್ಚದೆ ಅದು ಕಣ್ಣಿಗೆ ಬೀಳುವುದಿಲ್ಲ. ನಾನು ಮೊದಲು ಕೆಲಸ ಕೊಟ್ಟ ಗ್ಯಾರೇಜಿನಲ್ಲಿ ಇದು ಗೊತ್ತಿಲ್ಲದೆ ಹಾರೆ ಹಾಕಿ ಎತ್ತಿದರು, ಹೆಡ್ ಮೂಲೆಯಲ್ಲಿ ಸೀಳಿತು. ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಹುಡುಕಿ ತರಲು ಒಂದು ತಿಂಗಳು, ಹನ್ನೊಂದು ಸಾವಿರ.

ತುಕ್ಕು ತೆಗೆಯಲು ಮೊದಲು ಆಸಿಡ್ಡನ್ನೇ ನೋಡಿದೆ. ಆರ್‌ಸಿ ನಂಬರಿನ ಬ್ಲಾಕ್ ಮೇಲೆ ಪ್ರಯೋಗ ಮಾಡಬಾರದು ಎಂದು ಹದಿನಾಲ್ಕು ಸಾವಿರ ಕೊಟ್ಟು ಒಂದು ಸ್ಪೇರ್ ಬ್ಲಾಕ್ ತಂದಿದ್ದೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಆರು ಗಂಟೆ ಬಿಟ್ಟೆ. ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿಂದಿತು. ಟ್ಯಾಪೆಟ್ ಕೋಣೆಯ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ಆ ಬ್ಲಾಕ್ ವಾಪಸ್ ಗುಜರಿಗೆ. ಎರಡನೆಯದು ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಇಟ್ಟು ಮಾಡುವ ಎಲೆಕ್ಟ್ರಾಲಿಸಿಸ್. ಬ್ರಾಕೆಟ್, ಹಬ್, ಬಂಪರ್‌ಗಳಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದು ಎದುರಿಗೆ ಕಾಣುವ ಮೈಯನ್ನಷ್ಟೇ ಬಿಡಿಸುತ್ತದೆ, ಬ್ಲಾಕಿನೊಳಗೆ ನೀರು ಹರಿಯುವ ವಾಟರ್ ಜಾಕೆಟ್ಟಿನ ಒಳಗೆ ಹೋಗುವುದಿಲ್ಲ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಇಡಬೇಡಿ, ನೀರಿಗೆ ವಿಷದ ಕ್ರೋಮಿಯಂ ಇಳಿಯುತ್ತದೆ. ಮಾಮೂಲಿ ಕಬ್ಬಿಣದ ಕಂಬಿ ಸಾಕು.

ಕೊನೆಗೆ ಕೈಹಿಡಿದದ್ದು ಬೆಲ್ಲ. ಕಲಂಕಾರಿ ಬಟ್ಟೆಯ ಕಪ್ಪು ಬಣ್ಣವನ್ನು ಹಳೆ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಸಿಯೇ ಮಾಡುತ್ತಾರೆ. ತುಕ್ಕು ಕರಗುವುದು ಅದೇ ರೀತಿ, ಗಟ್ಟಿ ಕಬ್ಬಿಣಕ್ಕೆ ಹೇಳಿಕೊಳ್ಳುವ ಹಾನಿಯಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ, ಸಿಕ್ಕರೆ ಇನ್ನೂ ಒಳ್ಳೆಯದು. ನಾನು ಮಂಡ್ಯ ಕಡೆಯ ಆಲೆಮನೆಯಿಂದ ಮಾರಾಟಕ್ಕೆ ಬಾರದ ಕಪ್ಪು ಬೆಲ್ಲ ತಂದೆ, 20 ಕಿಲೋ, ಸುಮಾರು ಆರುನೂರು ರೂಪಾಯಿ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂಬೈನೂರು.

ಬ್ಲಾಕ್ ಪೂರ್ತಿ ಬರಿದಾಗಿರಬೇಕು. ಬೇರಿಂಗ್, ಕ್ಯಾಮ್ ಬುಷ್, ಹಿತ್ತಾಳೆಯ ಪ್ಲಗ್ ಏನೂ ಉಳಿಯಬಾರದು. ಪಕ್ಕದ ಡಿಸ್ಕ್ ಪ್ಲಗ್‌ಗಳನ್ನೆಲ್ಲ ಹೊಡೆದು ತೆಗೆದು, ಬಗ್ಗಿಸಿದ ಸ್ಕ್ರೂಡ್ರೈವರ್, ಸೈಕಲ್ ಸ್ಪೋಕ್ ಹಾಕಿ ಕೈಗೆ ಬರುವಷ್ಟು ಮಣ್ಣು ಮೊದಲೇ ಕೆದಕಿದೆ. ಎರಡೂವರೆ ಕಿಲೋ ಬಂತು, ಅದರಲ್ಲಿ ಎರಕ ಹೊಯ್ದ ಕಾಲದ ತಂತಿ, ಮರಳೂ ಇತ್ತು. ಆಮೇಲೆ ಹಿಂಭಾಗ ಮೇಲಾಗಿ ಬ್ಲಾಕನ್ನು ಡ್ರಮ್ಮಿನಲ್ಲಿ ನಿಲ್ಲಿಸಿ, ಬಿಸಿನೀರಿನಲ್ಲಿ ಕರಗಿಸಿದ ಬೆಲ್ಲ ಸುರಿದು, ಮುಳುಗುವವರೆಗೆ ನೀರು ತುಂಬಿದೆ. ಹೆಚ್ಚು ಕಡಿಮೆ ಒಂದಕ್ಕೆ ಎಂಟರ ಪ್ರಮಾಣ. ಇದರ ಜೊತೆ ಇನ್ನೊಂದು ಪದಾರ್ಥ ಒಂದು ಹಿಡಿ ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ, ನಾಲ್ಕೈದು ದಿನ ಹೆಚ್ಚು ಹಿಡಿಯುತ್ತದೆ. ಮುಚ್ಚಳ ಬಿಗಿ ಮಾಡಬೇಡಿ, ನೊರೆ ಬರುತ್ತದೆ. ವಾಸನೆ ಜೋರು, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ಇರುವೆಗೆ ಡ್ರಮ್ಮಿನ ಸುತ್ತ ಸುಣ್ಣ ಹಾಕಿ. ಡಿಸೆಂಬರಿನ ಚಳಿಯಲ್ಲಿ 26 ದಿನ ಹಿಡಿಯಿತು, ಮಾರ್ಚಿನಲ್ಲಿ ಇನ್ನೊಬ್ಬರ ಬ್ಲಾಕಿಗೆ 17 ದಿನ ಸಾಕಾಯಿತು. ವಾರಕ್ಕೊಮ್ಮೆ ಎತ್ತಿ, ಜೆಟ್ ಹೊಡೆದು, ಮತ್ತೆ ಮುಳುಗಿಸಬೇಕು. ಹಾಗೇ ಬಿಟ್ಟರೆ ಸಡಿಲವಾದ ಕಪ್ಪು ಕೆಸರು ಒಳಗೇ ಕೂತು ಕೆಲಸ ನಿಲ್ಲುತ್ತದೆ.

ಒಂದು ನಷ್ಟ ಇಲ್ಲೂ ಆಯಿತು. ಜಾಗ ಇದೆಯಲ್ಲ ಎಂದು ಪೆಟ್ರೋಲ್ ಪಂಪಿನ ಬಾಡಿಯನ್ನೂ ಅದರಲ್ಲೇ ಹಾಕಿದ್ದೆ. ಅಲ್ಯೂಮಿನಿಯಂ ಜಾತಿಯದು, ಹತ್ತು ದಿನಕ್ಕೆ ಜರಡಿಯಾಗಿತ್ತು. ಕಬ್ಬಿಣ, ಉಕ್ಕು ಬಿಟ್ಟು ಇನ್ನೇನೂ ಈ ನೀರಿಗೆ ಬೀಳಬಾರದು.

ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನಲ್ಲಿ ತುಕ್ಕಿನ ಮೇಲೆ ಸುಣ್ಣದ ಪದರವೂ ಇರುತ್ತದೆ, ಬೆಲ್ಲ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಲೀಟರಿಗೆ ಐವತ್ತು ಗ್ರಾಂನಂತೆ, ಮೂರು ಗಂಟೆ ಮಾತ್ರ. ಕೂಡಲೇ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಗಾಳಿ ಹೊಡೆದು, ಆಯಿಲ್ ಬಳಿಯಬೇಕು. ಹತ್ತು ನಿಮಿಷ ತಡವಾದರೆ ಕೆಂಪು ತುಕ್ಕು ಮತ್ತೆ ಮೇಲೆದ್ದಿರುತ್ತದೆ. ಆಮೇಲೆ ಎಲ್ಲ ಬಾಯಿಗಳಿಗೂ ರಬ್ಬರ್ ಶೀಟ್, ಕಬ್ಬಿಣದ ಪಟ್ಟಿ ಬಿಗಿದು ಎರಡು ಕಿಲೋ ಒತ್ತಡದ ಗಾಳಿ ತುಂಬಿ ಸೋಪಿನ ನೀರು ಹಾಕಿ ನೋಡಿ. ಸಿಲಿಂಡರ್ ಕೊರೆಸುವ ಬೋರಿಂಗಿಗೆ ದುಡ್ಡು ಹಾಕುವುದು ಗುಳ್ಳೆ ಬರಲಿಲ್ಲ ಎಂದಾದ ಮೇಲೆ.

ಕಾಮಾಕ್ಷಿಪಾಳ್ಯದಲ್ಲಿ 30 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜಿಗೆ ಬೋರು, ಎಕ್ಸಾಸ್ಟ್ ಸೀಟು, ಗೈಡು ಸೇರಿ ಹದಿಮೂರು ಸಾವಿರ. ಹೆಡ್ ಬೋಲ್ಟ್ 60ರಿಂದ 70 ಫುಟ್-ಪೌಂಡ್. ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿಯಬೇಕು, ಅಡಗಿರುವ ಬೋಲ್ಟಿಗಾಗಿ ಕಾರ್ಬೊರೇಟರ್ ಇನ್ನೊಮ್ಮೆ ಬಿಚ್ಚಲೇಬೇಕು. ಟ್ಯಾಪೆಟ್ ತಣ್ಣಗಿರುವಾಗ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ. ಡಿಸ್ಟ್ರಿಬ್ಯೂಟರ್ ಪಾಯಿಂಟ್ 20 ಥೌ. ಕಿಡಿ ಹಾರುವ ಟೈಮಿಂಗ್ ಪುಸ್ತಕದಲ್ಲಿ 5 ಡಿಗ್ರಿ. ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ನಾನು ಇಟ್ಟಿರುವುದು ಬೇರೆ, ಅದನ್ನು ಗಾಡಿ ನೋಡಲು ಬಂದವರಿಗೆ ತೋರಿಸುತ್ತೇನೆ. ಟೈಮಿಂಗ್ ಹಿಂದೆ ಬಿದ್ದರೆ ಎಷ್ಟು ತೊಳೆದ ಬ್ಲಾಕೂ ಕಾಯುತ್ತದೆ ಎನ್ನುವುದಂತೂ ಖಂಡಿತ. ಇ20 ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಪಂಪಿನ ಡಯಾಫ್ರಮ್, ಪೈಪು ಎಲ್ಲ ಎಥೆನಾಲ್ ತಡೆಯುವ ವೈಟಾನ್ ರಬ್ಬರಿನದು ಹಾಕಿದೆ. ಮಿಶ್ರಣ ತೆಳುವಾಗುವುದರಿಂದ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ನಂಬರ್ ದೊಡ್ಡದು. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ಬಿಡಿ. ಅದಿಲ್ಲದೆ ಬೆಳಗಿನ ಹೊತ್ತು ಎಂಜಿನ್ ಹದಕ್ಕೇ ಬರುವುದಿಲ್ಲ, ಆಯಿಲಿನಲ್ಲಿ ನೀರಿನಂಶ ನಿಂತು ಕೆನೆಗಟ್ಟುತ್ತದೆ. 82 ಡಿಗ್ರಿಯದು ಹಾಕಿದ್ದೇನೆ. ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿದ್ದೇನೆ, ಬೋರ್‌ವೆಲ್ ನೀರು ಮತ್ತೆ ಹತ್ತಿರಕ್ಕೂ ಸುಳಿದಿಲ್ಲ.

ಡೀಸೆಲ್ ಕೂರಿಸಲು ಕೇಳಿದ್ದು ಒಂದು ಲಕ್ಷ ಅರವತ್ತು ಸಾವಿರ. ನನ್ನ ಎಂಜಿನ್ ಕೆಲಸ ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಸೇರಿ ಎಪ್ಪತ್ತೆರಡು ಎಪ್ಪತ್ಮೂರಕ್ಕೆ ಮುಗಿಯಿತು. ರೇಡಿಯೇಟರಿನ ಇಪ್ಪತ್ತೆಂಟು, ಕಳೆದುಕೊಂಡ ಬ್ಲಾಕು, ಹೆಡ್ಡು ಸೇರಿಸಿದರೂ ಕಡಿಮೆಯೇ. ಈಗ ನಾಲ್ಕನೇ ಸಿಲಿಂಡರಿನ ಪಕ್ಕ 90 ತೋರಿಸುತ್ತದೆ.

ಬಣ್ಣದ ಬಗ್ಗೆ ಬಹಳ ಜನ ಕೇಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮ 121ರಂತೆ ಆಲಿವ್ ಗ್ರೀನ್ ಸೇನೆಯ ಗಾಡಿಗಳಿಗೆ ಮಾತ್ರ. ನಾನು ಮರಳು ಬಣ್ಣ ಮ್ಯಾಟ್‌ನಲ್ಲಿ ಹೊಡೆಸಿ ಆರ್‌ಸಿಗೆ ಸೇರಿಸಿದೆ.

ಐವತ್ತರ ವೇಗದಲ್ಲಿ ಮುಂದಿನ ಚಕ್ರ ಅದುರುವುದಕ್ಕೂ ಸ್ಟೀರಿಂಗ್ ಡ್ಯಾಂಪರ್ ಮದ್ದಲ್ಲ. ಮುಂದಿನ ಚಕ್ರ ತಿರುಗುವ ಕೀಲಿನ, ಕಿಂಗ್‌ಪಿನ್ನಿನ, ತೆಳು ತಗಡು (ಶಿಮ್) ತೆಗೆದು, ಆಯಿಲ್ ಸೀಲ್, ಆಕ್ಸಲ್ ಹೊರಗಿಟ್ಟು, ಸ್ಟೀರಿಂಗ್ ನಕಲ್ಲಿನ (ಚಕ್ರ ಹೊತ್ತು ತಿರುಗುವ ಭಾಗ) ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಎರಡೂವರೆ ಕಿಲೋಗೆ ತಿರುಗುವಂತೆ ಬಿಗಿದೆ. ಬಲಗಡೆ ಸರಿಹೋಗಿದೆ. ಎಡಗಡೆ ಬೇರಿಂಗ್ ಕಪ್ ತುಕ್ಕಿಗೆ ಕಚ್ಚಿಕೊಂಡಿದೆ. ಮುಂದಿನ ಆಕ್ಸಲ್ ಹೌಸಿಂಗಿನ ಆ ತುದಿ ಈಗ ಅದೇ ಡ್ರಮ್ಮಿನಲ್ಲಿ ನೆನೆಯುತ್ತಿದೆ, ಇವತ್ತಿಗೆ ಒಂಬತ್ತನೇ ದಿನ.