ನಿಮ್ಮ ಯೂನಿವರ್ಸಿಟಿ ಮೇಷ್ಟ್ರ ಹೆಸರನ್ನ ಅವಾರ್ಡ್‌ಗೆ ಕಳಿಸೋದು ಹೇಗೆ

ಪೇಪರಲ್ಲಿ ಯಾರೋ ಪ್ರೊಫೆಸರ್‌ಗೆ ಪ್ರಶಸ್ತಿ ಬಂತು ಅಂತ ಫೋಟೋ ನೋಡಿದಾಗ ನಮಗೇನನ್ಸತ್ತೆ, ಸರ್ಕಾರದವ್ರೋ ಅಕಾಡೆಮಿಯವ್ರೋ ದೇಶವೆಲ್ಲಾ ಹುಡುಕಿ ಇವರನ್ನ ಆರಿಸಿದ್ರು ಅಂತ. ಹಾಗೇನಿಲ್ಲ ಸ್ವಾಮಿ. ಯಾರೋ ಒಬ್ರು ರಾತ್ರಿ ಕೂತು ಫಾರ್ಮ್ ತುಂಬಿಸಿರ್ತಾರೆ, ಪಿಡಿಎಫ್ ಸೈಜ್ ಜಾಸ್ತಿ ಆಯ್ತು ಅಂತ ಬೈಕೊಂಡು ಕಡಿಮೆ ಮಾಡಿರ್ತಾರೆ, ಕೊನೇ ದಿನ ಸರ್ವರ್ ಡೌನ್ ಆಗಿ ಬೆವರಿರ್ತಾರೆ. ನಾನು ಮ್ಯಾಥ್ಸ್ ಡಿಪಾರ್ಟ್‌ಮೆಂಟಿನವನು, ನನ್ನ ಸ್ವಂತ ರಿಸರ್ಚ್ ಬಗ್ಗೆ ಹೇಳ್ಕೊಳೋಂಥದ್ದೇನಿಲ್ಲ, ಆದ್ರೆ ಬೇರೆಯವರ ನಾಮಿನೇಷನ್ ಬರೆದೂ ಬರೆದೂ ಕೈ ಪಳಗಿದೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ನೋಡಬೇಕಾದ್ದು ವಯಸ್ಸು. ಸಾಧನೆ ಆಮೇಲೆ. ಮ್ಯಾಥ್ಸ್ ಸೈನ್ಸ್ ಪ್ರಶಸ್ತಿಗಳಲ್ಲಿ ಅರ್ಧಕ್ಕೆ ಅರ್ಧ ವಯಸ್ಸಿನ ಗೆರೆ ಹಾಕ್ಕೊಂಡೇ ಕೂತಿರ್ತವೆ. ತಂಜಾವೂರಿನ ಶಾಸ್ತ್ರ ಯೂನಿವರ್ಸಿಟಿ ಕುಂಭಕೋಣದಲ್ಲಿ ಕೊಡೋ ರಾಮಾನುಜನ್ ಪ್ರೈಜ್‌ಗೆ 32, ಯಾಕಂದ್ರೆ ರಾಮಾನುಜನ್ ಬದುಕಿದ್ದೇ 32 ವರ್ಷ. ಇನ್ಫೋಸಿಸ್ ಪ್ರೈಜ್ 2024ರಿಂದ 40ರೊಳಗಿನವ್ರಿಗೆ ಅಂತ ಮಾಡಿದಾರೆ. ಇಟಲಿಯ ಟ್ರಿಯೆಸ್ಟ್‌ನಲ್ಲಿರೋ ಐಸಿಟಿಪಿ ಅನ್ನೋ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಕೊಡೋ ಇನ್ನೊಂದು ರಾಮಾನುಜನ್ ಪ್ರೈಜ್ ಇದೆ, ಅದಕ್ಕೆ 45ರೊಳಗಿರಬೇಕು, ಮುಂದುವರಿಯುತ್ತಿರೋ ದೇಶದಲ್ಲೇ ಕೆಲಸ ಮಾಡ್ತಿರಬೇಕು. ಎರಡರ ಹೆಸರೂ ಒಂದೇ ಥರ ಇರೋದ್ರಿಂದ ಜನ ಕಲಸಿಬಿಡ್ತಾರೆ, ಹುಷಾರು. ಗಣಿತದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನೋ ಫೀಲ್ಡ್ಸ್ ಮೆಡಲ್‌ಗೆ 40, ಅದು ನಮ್ಮ ನಿಮ್ಮ ಕೈಗೆ ಸಿಗೋದಲ್ಲ ಬಿಡಿ, ಆದ್ರೂ 2005ರಲ್ಲಿ ಶಾಸ್ತ್ರದವರ ಪ್ರೈಜ್ ತಗೊಂಡ ಮಂಜುಲ್ ಭಾರ್ಗವ ಅವರಿಗೆ 2014ರಲ್ಲಿ ಫೀಲ್ಡ್ಸ್ ಬಂತು, 2008ರಲ್ಲಿ ತಗೊಂಡ ಅಕ್ಷಯ್ ವೆಂಕಟೇಶ್ ಅವರಿಗೆ 2018ರಲ್ಲಿ ಬಂತು.

ಈ ವಯಸ್ಸಿನ ವಿಷಯದಲ್ಲಿ ನಾನೇ ಒಂದ್ಸಲ ಪೆಟ್ಟು ತಿಂದಿದೀನಿ. ನಮ್ಮ ಒಬ್ಬ ಕೊಲೀಗ್, ಹುಟ್ಟಿದ್ದು ದೀಪಾವಳಿ ಹಬ್ಬದ ಹಿಂದೆ ಮುಂದೆ ಅಂತ ಅವರಮ್ಮ ಹೇಳ್ತಾರೆ, ಆದ್ರೆ ಒಂದನೇ ಕ್ಲಾಸಿಗೆ ಸೇರಿಸೋವಾಗ ಹೆಡ್ಮಾಸ್ಟ್ರು ಎಲ್ಲಾ ಮಕ್ಕಳಿಗೂ ಬರೆಯೋ ಹಾಗೆ ಇವರಿಗೂ ಜೂನ್ 1 ಅಂತ ಬರೆದಿದ್ರು. ನಮ್ಮ ಕಡೆ ಅರ್ಧ ಊರಿನ ಬರ್ತ್‌ಡೇ ಜೂನ್ 1ಕ್ಕೇ ಇರತ್ತಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಇರೋದೇ ಲೆಕ್ಕ, ಹಾಗಾಗಿ ಕೆಲವೇ ತಿಂಗಳ ವ್ಯತ್ಯಾಸದಲ್ಲಿ ವಯಸ್ಸು ಮೀರಿ ಅವಕಾಶ ಕೈ ತಪ್ಪಿತು. ಸೈಟೇಷನ್ (ಇವರಿಗೆ ಯಾಕೆ ಕೊಡಬೇಕು ಅಂತ ವಿವರಿಸೋ ಬರಹ) ಎಲ್ಲಾ ಬರೆದು ಮುಗಿಸಿದ ಮೇಲೆ ಮಾರ್ಕ್ಸ್‌ ಕಾರ್ಡ್ ತೆಗೆದು ನೋಡಿದ್ದು ನನ್ನ ತಪ್ಪೇ. ಮೊದಲು ಕಾರ್ಡ್ ನೋಡಿ, ಆಮೇಲೆ ಪೆನ್ ಹಿಡೀರಿ.

ಈಗ ಭಟ್ನಾಗರ್. ಎಲ್ರೂ ಕೇಳೋದು ಇದನ್ನೇ, ಮತ್ತೆ ಎಲ್ರೂ ಹಳೇ ಮಾಹಿತಿ ಇಟ್ಕೊಂಡೇ ಮಾತಾಡ್ತಾರೆ. 1958ರಿಂದ ಕೇಂದ್ರದ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ವಿಜ್ಞಾನಿಗಳಿಗೆ ಕೊಡ್ತಿದ್ದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ, 5 ಲಕ್ಷ ದುಡ್ಡು ಬರ್ತಿತ್ತಲ್ಲ, ಅದು ಆ ರೂಪದಲ್ಲಿ ಈಗ ಇಲ್ಲ. 2023ರಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರ ಅಂತ ಹೊಸದು ಘೋಷಿಸಿದ್ರು, ಅದರೊಳಗೆ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ, ವಿಜ್ಞಾನ ಟೀಮ್ ಅಂತ ನಾಲ್ಕು. ಭಟ್ನಾಗರ್ ಹೆಸರು ವಿಜ್ಞಾನ ಯುವ ಜೊತೆ ಅಂಟ್ಕೊಂಡು ಉಳಿದಿದೆ, 45ರ ಮಿತಿನೂ ಅಲ್ಲೇ. ಮೆಡಲ್ ಸರ್ಟಿಫಿಕೇಟ್ ಅಷ್ಟೇ, ದುಡ್ಡಿಲ್ಲ. 2024ರಲ್ಲಿ ಮೊದಲ ವಿಜ್ಞಾನ ರತ್ನ ಬಂದಿದ್ದು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಹಳ ವರ್ಷ ಇದ್ದ ಬಯೋಕೆಮಿಸ್ಟ್ ಜಿ. ಪದ್ಮನಾಭನ್ ಅವರಿಗೆ. ಅರ್ಜಿ ಹೋಗೋದು ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಮೂಲಕ. ಪದ್ಮ ಪ್ರಶಸ್ತಿಯ ಅರ್ಜಿನೂ ಅದೇ ಪೋರ್ಟಲ್ಲು.

ಪದ್ಮ ಅಂದ್ರೆ ಜನಕ್ಕೆ ಇನ್ಫ್ಲುಯೆನ್ಸ್ ಬೇಕು ಅಂತ ತಲೇಲಿ ಕೂತಿದೆ. ಬೇಕೋ ಬೇಡ್ವೋ ಆ ಚರ್ಚೆ ಬೇರೆ, ಆದ್ರೆ ನಾಮಿನೇಟ್ ಮಾಡೋಕೆ ಯಾರ ಅಪ್ಪಣೆನೂ ಬೇಕಿಲ್ಲ, ನೀವು ಯಾರೇ ಆಗಿರಿ ಮಾಡಬಹುದು, ಸ್ವತಃ ತಮ್ಮ ಹೆಸರನ್ನೇ ಹಾಕ್ಕೊಂಡ್ರೂ ನಡೆಯತ್ತೆ. ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ ಪದ್ಮ ಇಲ್ಲ, ಆದ್ರೆ ಡಾಕ್ಟರು ಮತ್ತೆ ವಿಜ್ಞಾನಿಗಳನ್ನ ಬಿಟ್ಟು ಅಂತ ನಿಯಮದಲ್ಲೇ ಇದೆ, ಹಾಗಾಗಿ ಸರ್ಕಾರಿ ಕೆಲಸದಲ್ಲಿದಾರೆ ಅನ್ನೋ ಒಂದೇ ಕಾರಣಕ್ಕೆ ಹೆದರ್ಕೊಂಡು ಬಿಡಬೇಡಿ. ಅಲ್ಲಿ 800 ಪದದ ಒಂದು ಬರಹ ಕೇಳ್ತಾರೆ, ಅದಕ್ಕಿಂತ ಒಂದು ಪದ ಜಾಸ್ತಿ ತಗೊಳಲ್ಲ. ಅದನ್ನ ಪೋರ್ಟಲ್ಲಲ್ಲೇ ನೇರ ಟೈಪ್ ಮಾಡೋ ಧೈರ್ಯ ಮಾಡಬೇಡಿ, ಮಧ್ಯದಲ್ಲಿ ಲಾಗೌಟ್ ಆದ್ರೆ ಎಲ್ಲಾ ಹೋಯ್ತು ಅಂತ. ಹೊರಗೆ ಬರೆದು ಪೇಸ್ಟ್ ಮಾಡಿ.

ಪೇಸ್ಟ್ ಅಂದಾಗ ನೆನಪಾಯ್ತು, ರಾಜ್ಯದ ಪ್ರಶಸ್ತಿಗಳಿಗೆ (ಸರ್ ಸಿ.ವಿ. ರಾಮನ್, ರಾಜಾ ರಾಮಣ್ಣ, ಸತೀಶ್ ಧವನ್, ಕಲ್ಪನಾ ಚಾವ್ಲಾ ಹೆಸರಲ್ಲಿ ವಿಜ್ಞಾನಿಗಳಿಗೂ ಇಂಜಿನಿಯರ್‌ಗಳಿಗೂ ಕೊಡ್ತಾರಲ್ಲ) ಕನ್ನಡದಲ್ಲಿ ಪರಿಚಯ ಬರೀಬೇಕಾಗಿ ಬಂದ್ರೆ ಆಫೀಸಿನವ್ರು ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿ ಕೊಟ್ಟಿರ್ತಾರೆ, ಅದು ಇಮೇಲಲ್ಲಿ ಹೋದ ಮೇಲೆ ಆ ಕಡೆಯವ್ರಿಗೆ ಬರೀ ಹಾವು ಚೇಳು ಕಾಣ್ಸತ್ತೆ. ಯೂನಿಕೋಡ್‌ಗೆ ಬದಲಾಯ್ಸಿ ಕಳಿಸಿ.

ಇನ್ನು ಸೈಟೇಷನ್. ಇದೇ ಜೀವ. ನೂರಕ್ಕೆ ತೊಂಬತ್ತು ಜನ ಹೀಗೆ ಬರೀತಾರೆ: "ಶ್ರೀಯುತರು 120 ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದು, 14 ವಿದ್ಯಾರ್ಥಿಗಳಿಗೆ ಪಿಎಚ್‌ಡಿ ಮಾರ್ಗದರ್ಶನ ನೀಡಿರುತ್ತಾರೆ, 35 ವಿಚಾರ ಸಂಕಿರಣಗಳಲ್ಲಿ ಭಾಗವಹಿಸಿರುತ್ತಾರೆ." ಇದು ರಿಟೈರ್ಮೆಂಟ್ ಸನ್ಮಾನ ಪತ್ರ, ನಾಮಿನೇಷನ್ ಅಲ್ಲ. ಕಮಿಟಿಯವ್ರ ಮುಂದೆ ಇಂಥವು ಒಂದು ರಾಶಿ ಬಿದ್ದಿರ್ತವೆ. ಅವರಿಗೆ ಬೇಕಾಗಿರೋದು ಮೂರೇ ಮಾತು, ಇವರು ಕೈ ಹಾಕೋ ಮುಂಚೆ ಯಾವ ಪ್ರಶ್ನೆಗೆ ಉತ್ತರ ಇರಲಿಲ್ಲ, ಇವರು ಏನು ಮಾಡಿದ್ರು, ಅದಾದ ಮೇಲೆ ಬೇರೆಯವ್ರು ಅದನ್ನ ಇಟ್ಕೊಂಡು ಏನು ಮಾಡಿದ್ರು.

ಉದಾಹರಣೆಗೆ ಕೋಲ್ಕತ್ತಾದ ಐಎಸ್‌ಐನ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಗಣಿತಜ್ಞೆ ನೀನಾ ಗುಪ್ತಾ ಅವರ ಕೆಲಸ ತಗೊಳಿ, 2019ರಲ್ಲಿ ಭಟ್ನಾಗರ್, 2021ರಲ್ಲಿ ಐಸಿಟಿಪಿಯ ರಾಮಾನುಜನ್ ಪ್ರೈಜ್ ಎರಡೂ ಬಂತು. ಅದನ್ನ "ಅಫೈನ್ ಆಲ್ಜೀಬ್ರಾಯಿಕ್ ಜಿಯೋಮೆಟ್ರಿಯಲ್ಲಿ ಮಹತ್ವದ ಕೊಡುಗೆ" ಅಂತ ಬರೆದ್ರೆ ಸತ್ತುಹೋಗತ್ತೆ. ಹೀಗೆ ಬರೀಬೇಕು: ಎರಡು ಆಕಾರಗಳ ಮೇಲೆ ಒಂದೊಂದು ಸಿಲಿಂಡರ್ ಕಟ್ಟಿದೀವಿ ಅನ್ಕೊಳಿ, ಸಿಲಿಂಡರ್‌ಗಳು ಎರಡೂ ಒಂದೇ ಥರ ಇದ್ರೆ ಕೆಳಗಿನ ಆಕಾರಗಳೂ ಒಂದೇ ಥರ ಇರಲೇಬೇಕಾ? ಜರಿಸ್ಕಿ ಅನ್ನೋ ದೊಡ್ಡ ಗಣಿತಜ್ಞರ ಹೆಸರಲ್ಲಿರೋ ಈ ಪ್ರಶ್ನೆ ದಶಕಗಟ್ಟಲೆ ಹಾಗೇ ಕೂತಿತ್ತು, ಪಾಸಿಟಿವ್ ಕ್ಯಾರೆಕ್ಟರಿಸ್ಟಿಕ್ (ಒಂದನ್ನ ಇಂತಿಷ್ಟು ಸಲ ಕೂಡಿಸಿದ್ರೆ ಸೊನ್ನೆ ಆಗಿಬಿಡೋ ಲೆಕ್ಕದ ಲೋಕ) ಅನ್ನೋ ಸಂದರ್ಭದಲ್ಲಿ ಮೂರು ಆಯಾಮದಿಂದ ಮೇಲಕ್ಕೆ "ಇರಬೇಕಾಗಿಲ್ಲ" ಅಂತ ಇವರು ತೋರಿಸಿದ್ರು. ನೋಡಿ, ಫಿಸಿಕ್ಸ್‌ನವ್ರಿಗೂ ಕೆಮಿಸ್ಟ್ರಿಯವ್ರಿಗೂ ಏನೋ ಒಂದು ಹಿಡಿತ ಸಿಗ್ತಲ್ಲ.

ಪೇಪರ್ ಎಷ್ಟು ಅನ್ನೋದರ ಹುಚ್ಚು ಬಿಡಿಸೋಕೆ ನಾನು ಯಾವಾಗ್ಲೂ ಹೇಳೋದು ಸ್ಟಾಟಿಸ್ಟಿಕ್ಸ್‌ನ ದೊಡ್ಡ ಹೆಸರು ಸಿ.ಆರ್. ರಾವ್ ಅವರ ವಿಷಯ. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 2023ರಲ್ಲಿ, ಅವರಿಗೆ 102 ವರ್ಷ ಆಗಿದ್ದಾಗ, ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟಾಟಿಸ್ಟಿಕ್ಸ್ ಬಂತು. ಯಾವುದಕ್ಕೆ? 1945ರಲ್ಲಿ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಬಂದ ಒಂದೇ ಒಂದು ಪೇಪರ್‌ಗೆ. ಇವತ್ತಿಗೂ ಸ್ಟಾಟಿಸ್ಟಿಕ್ಸ್‌ನವ್ರು ಬಳಸೋ ಕ್ರಾಮೆರ್-ರಾವ್ ಬೌಂಡ್, ರಾವ್-ಬ್ಲ್ಯಾಕ್‌ವೆಲ್ ಥಿಯರಮ್, ಎರಡಕ್ಕೂ ಬೇರು ಅದರಲ್ಲೇ. ಹಾಗಾಗಿ ನಿಮ್ಮ ಮೇಷ್ಟ್ರ ಐದು ಪೇಪರ್ ಆರಿಸಿ, ಒಂದೊಂದಕ್ಕೂ ಎರಡೆರಡು ಸಾಲು ಬರೀರಿ, ಮಿಕ್ಕಿದ್ದನ್ನ ಲಿಸ್ಟಲ್ಲಿ ಹಾಕಿ.

ಎಚ್-ಇಂಡೆಕ್ಸ್ (ಎಷ್ಟು ಪೇಪರ್ ಬರೆದಿದಾರೆ, ಬೇರೆಯವ್ರು ಅವನ್ನ ಎಷ್ಟು ಸಲ ಉಲ್ಲೇಖಿಸಿದಾರೆ ಅನ್ನೋದನ್ನ ಸೇರಿಸಿ ಅಳೆಯೋ ಅಂಕಿ) ಬಗ್ಗೆ ಒಂದು ಮಾತು. ಮ್ಯಾಥ್ಸ್‌ನವ್ರ ಎಚ್-ಇಂಡೆಕ್ಸ್‌ನ ಕೆಮಿಸ್ಟ್ರಿಯವ್ರದ್ರ ಪಕ್ಕ ಇಟ್ರೆ ಪಾಪ ಮ್ಯಾಥ್ಸ್‌ನವ್ರು ಬಡವಾಗಿ ಕಾಣ್ತಾರೆ, ಯಾಕಂದ್ರೆ ಅಲ್ಲಿ ಪೇಪರ್ ಬರೋದೂ ನಿಧಾನ, ಸೈಟ್ ಆಗೋದೂ ನಿಧಾನ. ಹೆಸರುಗಳ ಕ್ರಮನೂ ಬೇರೆ. ಕೆಮಿಸ್ಟ್ರಿ ಬಯಾಲಜಿಯಲ್ಲಿ ಕೆಲಸ ಮಾಡಿದ ಸ್ಟೂಡೆಂಟ್ ಮೊದಲು, ಲ್ಯಾಬ್ ಯಜಮಾನ್ರು ಕೊನೆಗೆ. ಮ್ಯಾಥ್ಸಲ್ಲಿ ಸುಮ್ನೆ ಎಬಿಸಿಡಿ ಪ್ರಕಾರ ಹಾಕ್ತಾರೆ. ಇದು ಗೊತ್ತಿಲ್ದೆ ಯಾರೋ "ಇವರು ಫಸ್ಟ್ ಆಥರ್ ಅಲ್ವಲ್ಲ" ಅಂತ ತಗಾದೆ ತೆಗೀತಾರೆ, ಆದ್ದರಿಂದ ನೀವೇ ಒಂದು ಸಾಲು ಬರೆದುಬಿಡಿ. ಇನ್ನೊಂದು ತಲೆನೋವು ಇನಿಷಿಯಲ್ಲು. ಒಂದು ಪೇಪರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರ ಹೆಸರು ಬಿಡಿಸಿ ಬರೆದಿರ್ತಾರೆ, ಪೇಪರ್‌ಗಳ ಲೆಕ್ಕ ಇಡೋ ಸ್ಕೋಪಸ್ ಅನ್ನೋ ಡೇಟಾಬೇಸ್ ಇದನ್ನ ಮೂರು ಬೇರೆ ಬೇರೆ ಜನ ಅನ್ಕೊಳತ್ತೆ. ಮೂರನ್ನೂ ಸೇರಿಸೋ ರಿಕ್ವೆಸ್ಟ್ ಹಾಕಿ, ಆರ್ಕಿಡ್ (ORCID, ಸಂಶೋಧಕರಿಗೆ ಒಬ್ಬೊಬ್ಬರಿಗೂ ಒಂದೊಂದು ಕೊಡೋ ಗುರುತಿನ ಸಂಖ್ಯೆ) ನಂಬರ್ ಮಾಡಿಸಿ, ಇದಕ್ಕೆ ಸ್ವಲ್ಪ ವಾರಗಳೇ ಬೇಕಾಗಬಹುದು, ಕೊನೇ ದಿನಕ್ಕೆ ಇಟ್ಕೋಬೇಡಿ.

ಅಕಾಡೆಮಿ ಫೆಲೋಶಿಪ್, ಅಂದ್ರೆ ವಿಜ್ಞಾನ ಅಕಾಡೆಮಿಗಳು ಗೌರವಕ್ಕೆ ಕೊಡೋ ಸದಸ್ಯತ್ವ, ಅದರ ದಾರಿನೇ ಬೇರೆ. ಹೆಸರಿನ ಕೊನೆಗೆ ಎಫ್‌ಎಎಸ್‌ಸಿ ಅಂತಿದ್ರೆ 1934ರಲ್ಲಿ ರಾಮನ್ ಬೆಂಗಳೂರಲ್ಲಿ ಕಟ್ಟಿದ ಅಕಾಡೆಮಿಯದು, ಎಫ್‌ಎನ್‌ಎ ಅಂದ್ರೆ ದಿಲ್ಲಿಯ ಇನ್ಸಾ (ಇಂಡಿಯನ್ ನ್ಯಾಷನಲ್ ಸೈನ್ಸ್ ಅಕಾಡೆಮಿ) ಅವರದು, ಎಫ್‌ಎನ್‌ಎಎಸ್‌ಸಿ ಅಂದ್ರೆ ಪ್ರಯಾಗ್‌ರಾಜ್‌ನ ಅಕಾಡೆಮಿಯದು. ಬೆಂಗಳೂರಿನದಕ್ಕಂತೂ ನೀವಾಗಿ ಅರ್ಜಿ ಹಾಕೋ ಹಾಗಿಲ್ಲ, ಈಗಾಗ್ಲೇ ಫೆಲೋ ಆಗಿರೋರೇ ಹೆಸರು ಸೂಚಿಸಬೇಕು. ಊರ ಕಡೆ ಯೂನಿವರ್ಸಿಟಿಗಳಿಗೆ ಇದೇ ಕಷ್ಟ, ಪರಿಚಯದ ಫೆಲೋನೇ ಇರಲ್ಲ. ಒಂದು ಉಪಾಯ ಇದೆ, ಈ ಮೂರು ಅಕಾಡೆಮಿಗಳು ಸೇರಿ ಕಾಲೇಜುಗಳಲ್ಲಿ ಲೆಕ್ಚರ್ ವರ್ಕ್‌ಶಾಪ್, ರಿಫ್ರೆಶರ್ ಕೋರ್ಸ್ ನಡೆಸ್ತವೆ, ಮಾತಾಡೋಕೆ ಫೆಲೋಗಳು ಬರ್ತಾರೆ. ನಿಮ್ಮಲ್ಲೇ ಒಂದು ಇಡ್ಸಿ. ಬಂದವ್ರನ್ನ ಊಟಕ್ಕೆ ಕರ್ಕೊಂಡು ಹೋಗಿ ಶಾಲು ಹೊದೆಸಿ ಕಳಿಸೋದಷ್ಟೇ ಅಲ್ಲ, ನಿಮ್ಮ ಮೇಷ್ಟ್ರದ್ದೂ ಒಂದು ಲೆಕ್ಚರ್ ಅವರೆದುರಿಗೇ ಇಡಿ, ಕೆಲಸ ಗಟ್ಟಿ ಇದ್ರೆ ಅವರೇ ಪ್ರಶ್ನೆ ಕೇಳ್ತಾರೆ, ಪೇಪರ್ ಕಳ್ಸಿ ಅಂತಾರೆ.

ರೆಫರೆನ್ಸ್ ಲೆಟರ್ ಬೇಕಾದ ಕಡೆ ಜೊತೇಲಿ ಪೇಪರ್ ಬರೆದವ್ರನ್ನೂ, ಗೈಡನ್ನೂ ಕೇಳಬೇಡಿ, ಕಮಿಟಿಯವ್ರು ಮೊದಲು ನೋಡೋದೇ ಅದನ್ನ. ಕನಿಷ್ಠ ಮೂರು ವಾರ ಟೈಮ್ ಕೊಡಿ, ಮಧ್ಯದಲ್ಲಿ ಒಂದೇ ಒಂದ್ಸಲ ನೆನಪು ಮಾಡಿ.

ಮತ್ತೆ ಇಮೇಲಲ್ಲಿ ಬರ್ತವಲ್ಲ, "ಅಭಿನಂದನೆಗಳು, ತಾವು ಬೆಸ್ಟ್ ಸೈಂಟಿಸ್ಟ್ ಅವಾರ್ಡ್‌ಗೆ ಆಯ್ಕೆಯಾಗಿದ್ದೀರಿ, ರಿಜಿಸ್ಟ್ರೇಷನ್ ಫೀ ಇಷ್ಟು ಸಾವಿರ", ಅದನ್ನ ಡಿಲೀಟ್ ಮಾಡಿ. ಫೀ ಕಟ್ಟಿ ತಗೊಂಡ ಟ್ರೋಫಿ ಬಯೋಡೇಟಾದಲ್ಲಿದ್ರೆ ಅದು ಪಕ್ಕದಲ್ಲಿರೋ ಒಳ್ಳೇದನ್ನೂ ಹಾಳು ಮಾಡತ್ತೆ. ನಮ್ಮ ಒಬ್ಬರ ಬಯೋಡೇಟಾದಿಂದ ಇಂಥವು ನಾಲ್ಕು ತೆಗೆಸೋಕೆ ನನಗೆ ಎರಡು ಟೀ, ಒಂದು ಮಸಾಲೆದೋಸೆ ಖರ್ಚಾಯ್ತು, ಪಾಪ ಅವರಿಗೆ ಬೇಜಾರೂ ಆಯ್ತು.

ಕಳಿಸಿದ ಮೇಲೆ ಅಕ್ನಾಲೆಜ್ಮೆಂಟ್ ನಂಬರ್ ಪ್ರಿಂಟ್ ತೆಗೆದು ಒಂದು ಫೈಲಿಗೆ ಹಾಕಿ, ಸೈಟೇಷನ್ನಿನ ವರ್ಡ್ ಕಾಪಿನೂ ಅದೇ ಹೆಸರಲ್ಲಿ ಕಂಪ್ಯೂಟರಲ್ಲಿ ಇಡಿ. ಈ ವರ್ಷ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷ ಎರಡು ಪ್ಯಾರಾ ಬದಲಾಯ್ಸಿ ಮತ್ತೆ ಕಳಿಸ್ಬೋದು. ನನ್ನ ಬೀರುವಲ್ಲಿ ಅಂಥ ಫೈಲು ಸದ್ಯಕ್ಕೆ ಆರಿದೆ, ಅದರಲ್ಲಿ ಒಂದಕ್ಕೆ ಇದು ಮೂರನೇ ವರ್ಷ.