ಬೆವರುವ ಅಂಗೈಗೆ ಮನೆಯಲ್ಲೇ ಅಯಾಂಟೊಫೊರೆಸಿಸ್: ಚುರುಗುಟ್ಟುವಿಕೆ ತಗ್ಗಿಸಿಕೊಂಡ ಬಗೆ

ಅಂಗೈ ಬೆವರಿಗೆ ಅಯಾಂಟೊಫೊರೆಸಿಸ್, ಅಂದರೆ ನೀರಿನ ಮೂಲಕ ವಿದ್ಯುತ್ ಹರಿಸಿ ಬೆವರು ತಗ್ಗಿಸುವ ಚಿಕಿತ್ಸೆ, ಫಲ ಕೊಡುವುದು ತಪ್ಪದೆ ಕೂತವರಿಗೆ. ವಾರಕ್ಕೆ ಮೂರು ಸಲ, ಪ್ರತಿ ಸಲ 20ರಿಂದ 30 ನಿಮಿಷ, ಎರಡೂ ಕೈಗಳನ್ನು ನೀರಿನ ಟ್ರೇಗಳಲ್ಲಿಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹರಿಸಿಕೊಳ್ಳಬೇಕು. ಕೈ ಒಣಗತೊಡಗಲು ಸಾಮಾನ್ಯವಾಗಿ 6ರಿಂದ 10 ಸಲ ಬೇಕಾಗುತ್ತದೆ. ಅಷ್ಟರೊಳಗೆ ಚುರುಗುಟ್ಟುವಿಕೆಗೆ ಬೇಸತ್ತು ಬಿಟ್ಟುಬಿಟ್ಟರೆ ಅಲ್ಲಿಯವರೆಗೆ ಪಟ್ಟ ಶ್ರಮವೆಲ್ಲ ನೀರುಪಾಲು. ಹಾಗಾಗಿ ಯಂತ್ರ ಮನೆಗೆ ಬಂದ ಮೇಲೆ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಅದರ ಮುಂದೆ ಕೂರುವ ಆ ಅರ್ಧ ಗಂಟೆಯ ಬಗ್ಗೆ.

ನಾನು ಕಲಬುರಗಿಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕಿ. ಸೀಮೆಸುಣ್ಣ ನನ್ನ ಬೆರಳ ನಡುವೆ ಮೆತ್ತಗಾಗುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ ಅಂಗೈ ಕೆಳಗೆ ಕರವಸ್ತ್ರ ಇಲ್ಲದಿದ್ದರೆ ಮಕ್ಕಳ ಶಾಯಿ ಕಲಸಿಹೋಗುತ್ತಿತ್ತು. ನಮ್ಮ ಊರಿನ ಬಿಸಿಲನ್ನು ದೂರುವವರೇ ಎಲ್ಲ, ಆದರೆ ಡಿಸೆಂಬರಿನ ಮುಂಜಾವಿನಲ್ಲೂ ನನ್ನ ಅಂಗೈ ಹಸಿಯಾಗಿಯೇ ಇರುತ್ತಿತ್ತು; ನಿದ್ದೆಯಲ್ಲಿ ಮಾತ್ರ ಒಣಗುತ್ತಿತ್ತು. ಚಿಕ್ಕಂದಿನಿಂದ ಬಂದ ಅಂಗೈ ಬೆವರಿನ ಗುರುತೇ ಅದು ಎಂದು ಚರ್ಮರೋಗ ವೈದ್ಯರು ಹೇಳಿದರು. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಬರೆದುಕೊಟ್ಟರು. ಅದರಿಂದ ಚರ್ಮ ಉರಿಯತೊಡಗಿದಾಗ ಈ ದಾರಿ ತೋರಿಸಿದರು. ಇದು ಹೊಸತೇನಲ್ಲ. ಕೈಕಾಲುಗಳ ಬೆವರಿಗೆ ನೇರ ವಿದ್ಯುತ್ತಿನ ಚಿಕಿತ್ಸೆಯ ವರದಿ 1952ರಲ್ಲೇ ಬಂದಿತ್ತು. 1968ರಲ್ಲಿ ಸರಳ ಸಾಧನವೊಂದರ ವಿವರಣೆಯೂ ಪ್ರಕಟವಾಯಿತು.

ಮುಂದೆ ಹೋಗುವ ಮೊದಲು ಒಂದು ಮಾತು. ಗರ್ಭಿಣಿಯರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಕೈಕಾಲಿನ ಮೂಳೆಗೆ ರಾಡ್ ಅಥವಾ ಪ್ಲೇಟ್ ಇರುವವರು, ಹೃದಯ ಬಡಿತದ ತೊಂದರೆ ಅಥವಾ ಮೂರ್ಛೆ ರೋಗ ಇರುವವರು ಇದನ್ನು ಮಾಡಿಕೊಳ್ಳಬಾರದು. ಮೊಬೈಲ್ ಚಾರ್ಜರ್ ಬಿಚ್ಚಿ, ತಂತಿ ಜೋಡಿಸಿ ಮನೆಯಲ್ಲೇ ಯಂತ್ರ ಕಟ್ಟುತ್ತೇನೆ ಎನ್ನುವವರಿಗೆ ಕೈಮುಗಿದು ಬೇಡ ಎನ್ನುತ್ತೇನೆ. ನೀರಲ್ಲಿ ಎರಡು ಕೈ ಇಟ್ಟು ಕೂತಾಗ ವಿದ್ಯುತ್ತಿನ ದಾರಿ ಎದೆಯ ಮೂಲಕವೇ ಹಾದುಹೋಗುತ್ತದೆ. ವೈದ್ಯರು ಒಪ್ಪಿದ, ಇದಕ್ಕೆಂದೇ ತಯಾರಾದ ಯಂತ್ರವನ್ನೇ ಬಳಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಒಂದು ತಿಳುವಳಿಕೆ. ವಿದ್ಯುತ್ ಒಂದೇ ಸಮನೆ ಹರಿಯುತ್ತಿದ್ದರೆ ನಮ್ಮ ನರಗಳು ಅದಕ್ಕೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತವೆ. ಅವು ಬೆಚ್ಚಿಬೀಳುವುದು ಅದು ಥಟ್ಟನೆ ಏರಿದಾಗ, ಥಟ್ಟನೆ ಇಳಿದಾಗ. ಬೆರಳೆತ್ತಿದರೆ, ಕೈ ಸರಕ್ಕನೆ ಹೊರಗೆ ತೆಗೆದರೆ ಶಾಕ್ ಹೊಡೆದಂತಾಗುವುದು ಅದಕ್ಕೇ. ಇದು ತಿಳಿದ ಮೇಲೆ ಎಲ್ಲವನ್ನೂ ನಿಧಾನ ಮಾಡಿದೆ. ಯಂತ್ರದ ವಿದ್ಯುತ್ ಏರಿಳಿಸುವ ಗುಂಡಿ ಸೊನ್ನೆಯಲ್ಲಿರುವಾಗಲೇ ಎರಡೂ ಕೈಗಳನ್ನು ನೀರಿಗಿಡುತ್ತೇನೆ. ನಮ್ಮ ಮನೆಯವರು ಪಕ್ಕದಲ್ಲಿ ಕೂತು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುತ್ತಾರೆ. ಮಣಿಕಟ್ಟು ಜುಮ್ಮೆನ್ನುತ್ತದೆ. ಅದು ಮಂದವಾಗುವವರೆಗೆ ಕಾಯುತ್ತೇವೆ, ಆಮೇಲೆ ಇನ್ನೊಂದು ಕೂದಲೆಳೆ. ಅಂಗೈಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 15ರಿಂದ 20 ಮಿಲಿ ಆಂಪಿಯರ್. ಮೊದಲ ದಿನವೇ ಅಲ್ಲಿಗೆ ಮುಟ್ಟಬೇಕೆಂಬ ಹಟ ಬೇಡ. ನಾನು 8ರ ಆಸುಪಾಸಿನಲ್ಲಿ ಶುರು ಮಾಡಿ, ಮೈ ಒಗ್ಗಿದಂತೆ ಮೇಲೇರಿದೆ.

ಅರ್ಧ ಹೊತ್ತು ಕಳೆದ ಮೇಲೆ ವಿದ್ಯುತ್ತಿನ ಧನ ಮತ್ತು ಋಣ ತುದಿಗಳನ್ನು ಅದಲುಬದಲು ಮಾಡಬೇಕು, ಏಕೆಂದರೆ ಧನ ತುದಿಯಲ್ಲಿರುವ ಕೈಗೆ ಪರಿಣಾಮ ಹೆಚ್ಚು. ಆಗಲೂ ಅಷ್ಟೇ: ಪೂರ್ತಿ ಸೊನ್ನೆಗಿಳಿಸಿ, ದಿಕ್ಕು ಬದಲಿಸಿ, ಮತ್ತೆ ಮೆಲ್ಲಗೆ ಏರಿಸುವುದು. ಕೆಲವು ಯಂತ್ರಗಳು ಇದನ್ನು ತಾವೇ ಮಾಡುತ್ತವೆ. ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸುವ ಪಲ್ಸ್ ಮಾದರಿಯವೂ ಇವೆ. ಅವುಗಳ ಚುರುಗುಟ್ಟುವಿಕೆ ಕಡಿಮೆ, ಆದರೆ ಕೈ ಒಣಗುವುದು ಸ್ವಲ್ಪ ತಡವಾಗಬಹುದು. ಚರ್ಮ ತೀರಾ ಸೂಕ್ಷ್ಮವಾಗಿರುವವರು, ಮಕ್ಕಳು ಅದನ್ನೇ ವಿಚಾರಿಸುವುದು ಒಳ್ಳೆಯದು.

ಚುರುಗುಟ್ಟುವಿಕೆ ಹೆಚ್ಚು ಕಾಡುವುದು ಅಂಗೈಯಲ್ಲಲ್ಲ, ನೀರು ಮುಗಿದು ಚರ್ಮ ಶುರುವಾಗುವ ಗೆರೆಯಲ್ಲಿ. ಮಣಿಕಟ್ಟಿನ ಒಳಭಾಗದ ಚರ್ಮ ತೆಳು, ಅಲ್ಲಿಗೆ ನೀರು ತಾಗಿದರೆ ಮುಳ್ಳು ಚುಚ್ಚಿದ ಹಾಗೆ. ಇದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದೇನೆ. ಅಂಗೈ ಮುಳುಗುವಷ್ಟೇ ನೀರು ಹಾಕುತ್ತೇನೆ, ಕೈಯ ಮೇಲ್ಭಾಗ ಒಣಗಿಯೇ ಇರುತ್ತದೆ. ಆ ನೀರಿನ ಗೆರೆ ಬೀಳುವ ಜಾಗಕ್ಕೆಲ್ಲ, ಬೆರಳ ಪಕ್ಕಗಳಿಂದ ಹಿಡಿದು ಮಣಿಕಟ್ಟಿನವರೆಗೆ, ದಪ್ಪಗೆ ವ್ಯಾಸಲೀನ್ ಬಳಿಯುತ್ತೇನೆ. ವ್ಯಾಸಲೀನ್ ಮೂಲಕ ವಿದ್ಯುತ್ ಹಾಯುವುದಿಲ್ಲ.

ಗಾಯಗಳಿಗೂ ಅದೇ ಮದ್ದು. ಚರ್ಮ ಸೀಳಿದ ಜಾಗದಲ್ಲಿ ವಿದ್ಯುತ್ತಿಗೆ ತಡೆ ಕಡಿಮೆ, ಅಲ್ಲೇ ನುಗ್ಗುತ್ತದೆ. ಈಳಿಗೆಯಿಂದ ತರಚಿದ ಗೆರೆ, ಹಂಚಿನ ಮೇಲಿನ ರೊಟ್ಟಿ ತಿರುವುವಾಗ ಸುಟ್ಟ ತುದಿ, ಉಗುರ ಪಕ್ಕದ ಸಿಬಿರು, ಕಣ್ಣಿಗೆ ಬೀಳದ ಇಂಥವೆಲ್ಲ ನೀರಿಗಿಳಿದ ಕೂಡಲೇ ತಾವಿರುವ ಜಾಗ ತೋರಿಸಿಕೊಡುತ್ತವೆ. ಕೂರುವ ಮುಂಚೆ ಕಿಟಕಿಯ ಬೆಳಕಿನಲ್ಲಿ ಎರಡೂ ಕೈ ತಿರುಗಿಸಿ ನೋಡಿ, ಒಂದೊಂದಕ್ಕೂ ವ್ಯಾಸಲೀನಿನ ಬೊಟ್ಟು ಇಡುತ್ತೇನೆ. ದೊಡ್ಡ ಗಾಯವಿದ್ದರೆ ಆ ದಿನ ಕೂರುವುದೇ ಇಲ್ಲ. ಉಳಿದಂತೆ ಅಂಗೈಗೆ ಎಣ್ಣೆ, ಕ್ರೀಮು ಏನೂ ಇರಬಾರದು. ಸೋಪು ಹಚ್ಚಿ ತೊಳೆದು ಕೂರಬೇಕು.

ನೀರು ಉಗುರುಬೆಚ್ಚಗಿರಲಿ, ತಣ್ಣೀರಿನಲ್ಲಿ ಕೈ ಮರಗಟ್ಟಿ ಬಿಗಿಯುತ್ತದೆ. ಆರ್‌ಒ ಫಿಲ್ಟರಿನ ನೀರು ಬೇಡ. ಅದರಲ್ಲಿ ಲವಣಾಂಶ ತೀರಾ ಕಡಿಮೆ, ಗುಂಡಿ ಎಷ್ಟು ತಿರುಗಿಸಿದರೂ ವಿದ್ಯುತ್ ಪ್ರಮಾಣ ತೋರಿಸುವ ಮೀಟರ್ ಸರಿಯಾಗಿ ಏರುವುದಿಲ್ಲ. ನಮ್ಮಲ್ಲಿ ನಳಕ್ಕೆ ಬರುವ ನೀರೇ ಸಾಕಾಗುತ್ತದೆ. ನಳ ಬರದ ದಿನ ಬೋರ್‌ವೆಲ್ ನೀರು ಹಾಕಿದರೆ ಗಡಸುತನಕ್ಕೆ ಅದೇ ಗುಂಡಿಯಲ್ಲಿ ಮೀಟರ್ ಬೇಗ ಏರುತ್ತದೆ, ಆದ್ದರಿಂದ ನೀರು ಬದಲಾದ ದಿನ ಗುಂಡಿಯ ಅಂದಾಜು ನಂಬದೆ ಮೀಟರನ್ನೇ ನೋಡಬೇಕು. ನೀರು ತೀರಾ ಮೆದುವಾಗಿರುವ ಕಡೆ ಚಿಟಿಕೆ ಅಡುಗೆ ಸೋಡಾ ಬೆರೆಸುವುದುಂಟು.

ಟ್ರೇಗಳು ಪ್ಲಾಸ್ಟಿಕ್ಕಿನವೇ ಆಗಿರಬೇಕು, ಒಂದಕ್ಕೊಂದು ತಾಗಬಾರದು. ತಳದ ಲೋಹದ ಪಟ್ಟಿಯ ಮೇಲೆ ಮಡಚಿದ ಹತ್ತಿ ಟವೆಲ್ ಹಾಸಿದ್ದೇನೆ. ಬರಿಗೈ ಪಟ್ಟಿಗೆ ತಾಗಿದರೆ ಸುಟ್ಟಗಾಯ ಆಗಬಹುದು. ಮೇಜಿನ ಎತ್ತರದ ಬಗ್ಗೆ ಯಾರೂ ಹೇಳುವುದಿಲ್ಲ, ಆದರೆ ಹತ್ತೇ ನಿಮಿಷದಲ್ಲಿ ಭುಜ ನೋಯುವುದು ಅದರಿಂದಲೇ. ನಾನು ಎತ್ತರ ಕಡಿಮೆಯಿರುವ ಮರದ ಟೀಪಾಯಿ ಬಳಸುತ್ತೇನೆ, ಮೊಣಕೈ ಕೆಳಗೆ ದಿಂಬು ಇಡುತ್ತೇನೆ. ಕೈ ಸಡಿಲಬಿಟ್ಟಷ್ಟೂ ಅಂಗೈ ಪೂರ್ತಿ ಟವೆಲಿನ ಮೇಲೆ ಕೂರುತ್ತದೆ, ವಿದ್ಯುತ್ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಕೂದಲು ಕಟ್ಟಿಕೊಂಡು, ಮೂಗು ಒರೆಸಿಕೊಂಡು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ಬರುತ್ತೇನೆ. ಆಕಾಶವಾಣಿ ಕಲಬುರಗಿ ಹಚ್ಚಿಟ್ಟರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮುಗಿದ ಮೇಲೆ ಅಂಗೈ ಕೆಂಪಗಾಗುವುದು ಸಹಜ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಒರೆಸಿ, ಮಾಯಿಶ್ಚರೈಸರ್ ಹಚ್ಚಬೇಕು. ಇಲ್ಲದಿದ್ದರೆ ಬೆವರು ನಿಂತ ಚರ್ಮ ಬಿರಿಯತೊಡಗುತ್ತದೆ, ಬಿರುಕು ಮುಂದಿನ ಸಲ ಚುರುಗುಟ್ಟುತ್ತದೆ. ನನಗೊಮ್ಮೆ ಸಣ್ಣ ಗುಳ್ಳೆಗಳು ಎದ್ದಾಗ ವೈದ್ಯರು ಒಂದು ವಾರ ನಿಲ್ಲಿಸಲು ಹೇಳಿ, ಶೇಕಡಾ 1ರ ಹೈಡ್ರೊಕಾರ್ಟಿಸೋನ್ ಮುಲಾಮು ಕೊಟ್ಟರು.

ಕೈ ಒಣಗಿದ ಮೇಲೆ ಅಂಗಾಲಿಗೂ ಶುರು ಮಾಡಿದೆ. ಕೈಯಲ್ಲಿ ಚಿನ್ನದ ಬಳೆ, ಉಂಗುರ, ಗಡಿಯಾರ ಕಳಚುವುದು ಕಷ್ಟವಾಗಿರಲಿಲ್ಲ. ಗಾಜಿನ ಬಳೆಗಳನ್ನು ಮೇಲೆ ಸರಿಸಿದರೆ ಸಾಕಿತ್ತು. ಕಾಲುಂಗುರದ ವಿಷಯ ಬೇರೆ. ಬೆಳ್ಳಿಯನ್ನು ನೀರಲ್ಲಿಟ್ಟು ವಿದ್ಯುತ್ ಹರಿಸಿದರೆ ಅದರ ಕೆಳಗಿನ ಚರ್ಮ ಸುಡುತ್ತದೆ. ಮುತ್ತೈದೆ ಕಾಲುಂಗುರ ತೆಗೆಯುವುದೇ ಎಂದು ಅತ್ತೆಯವರಿಗೆ ಸಂಕಟ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಣ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಷ್ಟು ಹೊತ್ತು ಬೆರಳಿಗೆ ಅರಿಶಿನದ ದಾರ ಕಟ್ಟಿಕೋ ತಾಯಿ" ಎಂದು ತಾವೇ ದಾರ ಹೊಸೆದು ಕೊಟ್ಟರು. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ಇದೊಂದೇ ಕಾರಣಕ್ಕೆ ಕಾಲಿನ ಚಿಕಿತ್ಸೆಗೆ ಹಿಂಜರಿಯಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ಈಗ ವಾರಕ್ಕೊಮ್ಮೆ ಕೂತರೆ ನನಗೆ ಸಾಕು, ಕೆಲವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಆದರೂ ನಡೆಯುತ್ತದೆ. ಪೂರ್ತಿ ನಿಲ್ಲಿಸಿದರೆ ಬೆವರು ಮರಳುತ್ತದೆ. ಮೌಲ್ಯಮಾಪನದ ದಿನಗಳು ಹತ್ತಿರ ಬಂದಾಗ ಒಂದು ವಾರ ಮೊದಲೇ ಎರಡು ಸಲ ಕೂತುಬಿಡುತ್ತೇನೆ.