ಪಾಲಿಯೋ 1.6ಗೆ ಸಿವಿಕ್ ಸೀಟು: ಕೂರಲ್ಲ ಅಂದವರಿಗಾಗಿ

ಒಂದು ಮಳೆಗಾಲ ಪೂರ್ತಿ ಓಡಿಸಿ ನೋಡಿದ್ದೇನೆ. ಮಾಕುಟ್ಟ ಘಾಟಿ, ಸಂಪಾಜೆ ಘಾಟಿ, ಭಾಗಮಂಡಲದ ರಸ್ತೆ, ನಮ್ಮ ತೋಟದೊಳಗಿನ ಕಲ್ಲು ಹಾದಿ ಎಲ್ಲ ಆಯಿತು. ಒಂದು ಬೋಲ್ಟೂ ಸಡಿಲ ಆಗಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಫಿಯೆಟ್ ಪಾಲಿಯೋ 1.6 ಜಿಟಿಎಕ್ಸ್‌ಗೆ ಹೋಂಡಾ ಸಿವಿಕ್‌ನ ಮುಂದಿನ ಸೀಟು ಕೂರುತ್ತದೆ. ನೆಲಕ್ಕೆ ಒಂದು ಹೊಸ ತೂತೂ ಕೊರೆಯದೆ, ಒಂದು ಚುಕ್ಕೆ ವೆಲ್ಡಿಂಗೂ ಮಾಡದೆ ಕೂರುತ್ತದೆ. ಗೋಣಿಕೊಪ್ಪದಿಂದ ಮಡಿಕೇರಿವರೆಗೆ ಸಾಧ್ಯವಿಲ್ಲ ಅಂದವರೆಲ್ಲ ಈಗ ಬಂದು ಕೂತು ನೋಡಿ ಹೋಗುತ್ತಿದ್ದಾರೆ.

ಕಾರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2001ರಲ್ಲಿ ಪಾಲಿಯೋ ಬಂದಾಗ 1596 ಸಿಸಿ, 16 ವಾಲ್ವ್, ನೂರು ಕುದುರೆ ಶಕ್ತಿ ಅಂದರೆ ಸಣ್ಣ ಕಾರಿಗೆ ದೊಡ್ಡ ಮಾತು. ಪೆಟ್ರೋಲ್ ಕುಡಿಯುವುದರಲ್ಲೂ ದೊಡ್ಡ ಮಾತೇ. ಇಂಜಿನ್ ಇವತ್ತಿಗೂ ಗಟ್ಟಿ. ಸೋತದ್ದು ಸೀಟು. ಫೋಮ್ ಹಪ್ಪಳವಾಗಿತ್ತು, ಕೆಳಗಿನ ಸ್ಪ್ರಿಂಗ್ ತಂತಿ ತುಂಡಾಗಿತ್ತು. ಇಳಿಯುವಾಗ ಉಜ್ಜಿ ಉಜ್ಜಿ ಬಾಗಿಲ ಕಡೆಯ ಉಬ್ಬು ಮಾಯವಾಗಿತ್ತು. ಎಡ ತಿರುವಿನಲ್ಲಿ ಮೈ ಬಾಗಿಲಿಗೆ ಒರಗುತ್ತಿತ್ತು. ಸ್ಟೀರಿಂಗ್ ತಿರುಗಿಸೋದೋ ಹಿಡ್ಕೊಂಡು ನೇತಾಡೋದೋ ಅನ್ನುವ ಹಾಗೆ.

ಮೊದಲು ಎಲ್ಲರೂ ಮಾಡುವ ಕೆಲಸವನ್ನೇ ಮಾಡಿಸಿದೆ. ಕುಶನ್ ಅಂಗಡಿಯಲ್ಲಿ ಹೊಸ ಫೋಮ್ ತುಂಬಿಸಿ ರೆಕ್ಸಿನ್ ಹೊದಿಸಿದರು. ನಾಲ್ಕು ಸಾವಿರದ ಹತ್ತಿರ ಹೋಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹಳ್ಳ. ಆಮೇಲೆ ಹಾಸಿಗೆಗೆ ಹಾಕುವ ರಬ್ಬರ್ ಹಾಕಿದ ತೆಂಗಿನ ನಾರಿನ ತುಂಡು ತಂದು ಕತ್ತರಿಸಿ ಅಡಿಗೆ ಇಟ್ಟೆ. ಕೂರಲು ಚೆನ್ನಾಗಿತ್ತು. ಆದರೆ ಜುಲೈ ತಿಂಗಳ ಥಂಡಿಗೆ ಅದು ನೀರು ಹೀರಿ ಒಣಗಲೇ ಇಲ್ಲ, ಕಾರು ಪೂರ್ತಿ ವಾಸನೆ. ಮೈಸೂರು ಕಡೆಯವರು ಬೇಕಾದರೆ ಪ್ರಯತ್ನಿಸಿ, ಅಲ್ಲಿ ನಡೆಯಬಹುದು.

ಸರಿ, ಸೀಟೇ ಬದಲಿಸೋಣ ಅಂತ ಹೊರಟಾಗ ಎಲ್ಲರದೂ ಒಂದೇ ಮಾತು: "ಲಿನಿಯಾ ಸೀಟು ತಗೋ, ಫಿಯೆಟ್‌ಗೆ ಫಿಯೆಟ್ ಸೀದಾ ಕೂರುತ್ತೆ." ನಾನು ಹೋಗುವ ಮೊದಲೇ ಕಾರಿನ ನೆಲದ ನಾಲ್ಕು ತೂತುಗಳನ್ನು ರಟ್ಟಿನ ಮೇಲೆ ಗುರುತು ಮಾಡಿ ಕತ್ತರಿಸಿ ಇಟ್ಟುಕೊಂಡಿದ್ದೆ. ಗುಜರಿಯಲ್ಲಿ ಆ ರಟ್ಟು ಹಿಡಿದರೆ ಲಿನಿಯಾ ಎಲ್ಲೂ ಹೊಂದಲಿಲ್ಲ. ಇಂಥ ಕೆಲಸಕ್ಕೆ ಟೇಪಿಗಿಂತ ರಟ್ಟು ಸಾವಿರ ಪಾಲು ವಾಸಿ. ಮಾರುವವರ ಬಾಯಿಯೂ ಮುಚ್ಚುತ್ತದೆ.

ಸ್ಕೋಡಾ ಕಂಪನಿಯ ಹಳೆಯ ಆಕ್ಟೇವಿಯಾ ಕಾರಿನ ಸೀಟು ನನ್ನ ಮೊದಲ ಆಸೆಯಾಗಿತ್ತು. ಬೆನ್ನಿಗೆ ಅದರಷ್ಟು ಒಳ್ಳೆ ಸೀಟು ಆ ಬೆಲೆಗೆ ಸಿಗಲ್ಲ. ತೊಂದರೆ ಏನೆಂದರೆ, ಆ ಮೊದಲ ತಲೆಮಾರಿನ ಆಕ್ಟೇವಿಯಾದಲ್ಲಿ ರೈಲ್, ಅಂದರೆ ಸೀಟು ಹಿಂದೆ ಮುಂದೆ ಜಾರುವ ಹಳಿ, ಕಾರಿನ ನೆಲದಲ್ಲೇ ಇರುತ್ತದೆ. ಸೀಟು ಹಿಂದಕ್ಕೆ ಜಾರಿಸಿದರೆ ಅಷ್ಟೇ ಕೈಗೆ ಬರುತ್ತದೆ. ಅದಕ್ಕೆ ರೈಲ್ ಹೊಸದಾಗಿ ಕಟ್ಟಬೇಕು. ಬಿಟ್ಟೆ. ಹೊರದೇಶದಿಂದ ಅರ್ಧ ಕತ್ತರಿಸಿ ತಂದ ಕಾರುಗಳ ಸೀಟೂ ಇತ್ತು. ಅವು ಎಡಗಡೆ ಸ್ಟೀರಿಂಗಿನವು. ಎತ್ತರ ಹೊಂದಿಸುವ ಚಾಲಕನ ಸೀಟು ನಮ್ಮಲ್ಲಿ ಪಕ್ಕದವರ ಜಾಗಕ್ಕೆ ಹೋಗುತ್ತದೆ. ಬಲಕ್ಕೆ ತಂದು ಹಾಕಿದರೆ ಹಿಡಿಕೆ ಹ್ಯಾಂಡ್‌ಬ್ರೇಕ್ ಕಡೆ ಬಂದು ಕೈಗೆ ಸಿಗುವುದಿಲ್ಲ.

ಕೊನೆಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿವಿಕ್ ಜೋಡಿ ಸಿಕ್ಕಿತು. 2006ರಲ್ಲಿ ಇಲ್ಲಿಗೆ ಬಂತಲ್ಲ, ಆ ಮಾದರಿ. ಹದಿನಾರು ಸಾವಿರ ಕೇಳಿದರು, ಹನ್ನೊಂದಕ್ಕೆ ಮುಗಿಯಿತು. ಬೆಲೆ ಇಳಿಸಿದ್ದು ಹೇಗೆ ಎನ್ನುವುದು ನನ್ನ ಹತ್ತಿರವೇ ಇರಲಿ. ನೋಡಬೇಕಾದ್ದು ಮಾತ್ರ ಹೇಳುತ್ತೇನೆ. ರೈಲ್ ಸಂದಿನೊಳಗೆ ಬೆರಳು ಹಾಕಿ. ನುಣ್ಣಗಿನ ಒಣ ಕೆಸರು ಸಿಕ್ಕರೆ ನೆರೆಯಲ್ಲಿ ಮುಳುಗಿದ ಕಾರಿನ ಸೀಟು, ಎಷ್ಟೇ ಹೊಳೆಯಲಿ ಬಿಡಿ. 2018ರ ಕೇರಳದ ನೆರೆಯ ನಂತರ ಇದು ನಮ್ಮ ಕಡೆಯವರಿಗೆಲ್ಲ ಗೊತ್ತಿರಬೇಕು. ಸೀಟಿನಡಿಯಲ್ಲಿ ಹಳದಿ ಪ್ಲಗ್ ಇದ್ದರೆ ಬೆನ್ನಿನ ಪಕ್ಕದಲ್ಲೋ ಬೆಲ್ಟ್ ಸಿಕ್ಕಿಸುವ ಬಕಲ್‌ನಲ್ಲೋ ಏರ್‌ಬ್ಯಾಗಿನಂಥ ಸಿಡಿಯುವ ಸಾಮಾನು ಇದೆ ಎಂದು ಅರ್ಥ. ಅದಕ್ಕೆ ಕರೆಂಟ್ ನೋಡುವ ಟೆಸ್ಟ್ ಲ್ಯಾಂಪ್ ಹಿಡಿಯಬೇಡಿ. ನಾನು ಹಳದಿ ಪ್ಲಗ್ ಇಲ್ಲದ್ದನ್ನೇ ಆರಿಸಿದೆ. ವಿರಾಜಪೇಟೆ ಬಸ್ಸಿನಲ್ಲಿ ಹಾಕಿಸಿ ತರಲು ಒಂಬೈನೂರು ಹೋಯಿತು.

ಇನ್ನು ಕೂರಿಸುವ ಕಥೆ. ಸಿವಿಕ್ ಸೀಟಿಗೆ ಅದರದ್ದೇ ರೈಲ್, ನಾಲ್ಕು ಬೋಲ್ಟ್. ರಟ್ಟಿಗೆ ಹಿಡಿದರೆ ಅಗಲ ಸುಮಾರು ಮೂರೂವರೆ ಸೆಂಟಿಮೀಟರ್ ಹೆಚ್ಚು, ಉದ್ದವೂ ಬೇರೆ. ಗ್ಯಾರೇಜಿನ ಮೇಸ್ತ್ರಿ ನೋಡಿದ ಕೂಡಲೇ ಹೇಳಿದ, "ಅಣ್ಣಾ, ನಾಲ್ಕು ಕಡೆ ವೆಲ್ಡಿಂಗ್ ಹೊಡೆದು ಬಿಡ್ತೀನಿ. ಆನೆ ಬಂದು ಎಳೆದ್ರೂ ಬರಲ್ಲ." ಆನೆ ಎಳೆದರೆ ಸೀಟು ಬರಲಿಕ್ಕಿಲ್ಲ, ನೆಲವೇ ಕಿತ್ತು ಬರುತ್ತದೆ! ಕಾರಿನ ನೆಲದ ತಗಡು ಒಂದು ಮಿಲಿಮೀಟರ್ ಆಸುಪಾಸು. ಅದಕ್ಕೆ ವೆಲ್ಡ್ ಮಾಡಿದರೆ ಸುತ್ತಲೂ ಬಣ್ಣ ಸುಟ್ಟು, ನಮ್ಮ ಮಳೆಗೆ ಎರಡೇ ವರ್ಷದಲ್ಲಿ ತುಕ್ಕು. ರೈಲ್ ಆದರೂ ಗಟ್ಟಿ ಉಕ್ಕು, ಕಾಯಿಸಿದರೆ ಅದರ ಬಲ ಹೋಗುತ್ತದೆ. ಬೇಡ ಅಂದೆ. ಮೇಸ್ತ್ರಿಗೆ ಬೇಜಾರಾಯಿತು.

ಎರಡನೇ ದಾರಿ ಎಲ್ಲರಿಗೂ ಗೊತ್ತಿರುವುದೇ. 6 ಎಂಎಂ ಪ್ಲೇಟು, ಒಂದು ಸಾಲು ತೂತು ಪಾಲಿಯೋಗೆ, ಇನ್ನೊಂದು ಸಾಲು ಸಿವಿಕ್‌ಗೆ. ಕುಶಾಲನಗರದಲ್ಲಿ ಕತ್ತರಿಸಿ ಕೊರೆಸಿ ತಂದೆ. ಸುಮಾರು 2,800 ರೂಪಾಯಿ. ಕೂತಿತು, ಚೆನ್ನಾಗಿಯೇ ಕೂತಿತು. ಆದರೆ ಪ್ಲೇಟು, ಬೋಲ್ಟ್ ತಲೆ, ಸಿವಿಕ್ ರೈಲ್ ಎಲ್ಲ ಸೇರಿ ಸೀಟು ನಾಲ್ಕು ಸೆಂಟಿಮೀಟರ್ ಮೇಲೆ ಬಂತು. ನಾನು ಆರಡಿಗೆ ಸ್ವಲ್ಪ ಕಡಿಮೆ. ಹಳ್ಳಕ್ಕೆ ಇಳಿದಾಗಲೆಲ್ಲ ತಲೆ ಚಾವಣಿಗೆ ತಾಗುತ್ತಿತ್ತು. ಸೀಟಿನ ನಡು ಸ್ಟೀರಿಂಗಿನ ನಡುವಿಗಿಂತ ಒಂದು ಬೆರಳು ಆಚೆ. ಕೇಳಲು ಸಣ್ಣ ವಿಷಯ. ಮಡಿಕೇರಿಗೆ ಹೋಗಿ ಬರುವಷ್ಟರಲ್ಲಿ ಸೊಂಟ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯ, ಬೆಲ್ಟಿನ ಬಕಲ್. ನನ್ನ ಕಾರಿನಲ್ಲಿ ಬಕಲ್ ಸೀಟಿನ ರೈಲಿಗೇ ಬೋಲ್ಟ್ ಆಗಿದೆ. ಸಿವಿಕ್ ಬಕಲ್‌ಗೆ ಪಾಲಿಯೋ ಬೆಲ್ಟಿನ ಲೋಹದ ನಾಲಿಗೆ ಹಾಕಿದರೆ ಒಳಗೆ ಹೋಗುತ್ತದೆ, ಕ್ಲಿಕ್ ಅನ್ನುತ್ತದೆ, ಜೋರಾಗಿ ಜಗ್ಗಿದರೆ ಕೆಲವೊಮ್ಮೆ ಹೊರಗೆ ಬರುತ್ತದೆ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ. ಕ್ಲಿಕ್ ಅಂದ ಮಾತ್ರಕ್ಕೆ ನಂಬಬೇಡಿ.

ನಮ್ಮ ಬಾವ ಆಗ ಅಂಗಳದಲ್ಲಿ ನಿಂತು, "ಆ ದುಡ್ಡಿಗೆ ನಾಲ್ಕು ಒಳ್ಳೆ ಟೈರ್ ಬರ್ತಿತ್ತು" ಅಂದರು. ಆಟೋಕ್ರಾಸ್ ರೇಸಿನ ಹುಡುಗರು ಮೈಯನ್ನು ಹಿಡಿದಿಡುವ ರೇಸಿನ ಬಕೆಟ್ ಸೀಟು ಹಾಕಿಸು ಅಂದರು. ಗದ್ದೆಯಲ್ಲಿ ಓಡಿಸುವವರಿಗೆ ಸರಿ. ದಿನಾ ಪೇಟೆಗೆ ಹೋಗುವ ಕಾರಿಗೆ ಬೆನ್ನು ಒರಗದ ಸೀಟು ಯಾಕೆ? ಅದರ ಜೊತೆ ಹಾರ್ನೆಸ್ ಅನ್ನುವ ನಾಲ್ಕು ಪಟ್ಟಿಯ ಬೆಲ್ಟ್ ಬೇರೆ ಹಾಕುತ್ತಾರೆ. ರೋಲ್ ಕೇಜ್, ಅಂದರೆ ಚಾವಣಿ ಕುಸಿಯದಂತೆ ಒಳಗೆ ಕಟ್ಟುವ ಪೈಪಿನ ಗೂಡು, ಇಲ್ಲದ ಕಾರಿನಲ್ಲಿ ಅದು ಅಪಾಯ. ಚಾವಣಿ ಕುಸಿದರೆ ಮೈ ಪಕ್ಕಕ್ಕೆ ಬಾಗಲು ಬಿಡುವುದಿಲ್ಲ.

ಕೆಲಸ ಆದದ್ದು ಮೂರನೇ ದಾರಿಯಲ್ಲಿ. ಪಾಲಿಯೋದ ರೈಲನ್ನೇ ಇಟ್ಟುಕೊಳ್ಳಿ. ಅದರ ಮೇಲೆ ಸಿವಿಕ್ ಸೀಟು ಕೂರಿಸಿ. ಇದನ್ನೇ ಯಾರೂ ಒಪ್ಪುತ್ತಿರಲಿಲ್ಲ.

ಗುಜರಿಯಿಂದ ಹಾಳಾದ ಪಾಲಿಯೋ ಸೀಟಿನ ಜೋಡಿ ಒಂದೂವರೆ ಸಾವಿರಕ್ಕೆ ತರಿಸಿದೆ. ನನ್ನ ಮೂಲ ಸೀಟು ಕತ್ತರಿಸಲು ಮನಸ್ಸಿರಲಿಲ್ಲ. ಹಾಳಾದ ಸೀಟಿನ ಫ್ರೇಮ್ ತೆಗೆದು ರೈಲ್ ಮಾತ್ರ ಉಳಿಸಿಕೊಂಡೆ, ಬಕಲ್ ಸಮೇತ. ಸಿವಿಕ್ ಸೀಟಿನಲ್ಲಿ ಕೆಳಗಿನ ರೈಲ್ ಹಿಂದಕ್ಕೆ ಎಳೆದು ತೆಗೆದೆ. ಒಳಗಿನ ಗುಂಡುಗಳು ಕಾಫಿ ಕಣದ ತುಂಬ ಉರುಳಿದವು, ಹೋಗಲಿ, ಅವು ಬೇಕಾಗಿಲ್ಲ. ಸೀಟಿನ ಕಡೆಯ ಮೇಲಿನ ಅರ್ಧ, ಅಂದರೆ ಚಾನಲ್, ಉಳಿಯಿತು. ಕೆಳಗಿನ ರೈಲ್ ಹೋದ್ದರಿಂದ ಎರಡೂವರೆ ಸೆಂಟಿಮೀಟರ್ ಉಳಿತಾಯ. ಆ ಚಾನಲ್‌ಗೂ ಪಾಲಿಯೋದ ಮೇಲಿನ ರೈಲಿಗೂ ನಡುವೆ ಅಡ್ಡಪಟ್ಟಿ, ಮುಂದೊಂದು ಹಿಂದೊಂದು. ಚಾನಲ್ ಒಳಗೆ ಬೋಲ್ಟ್ ಸುತ್ತ ಲೇತ್‌ನಲ್ಲಿ ಮಾಡಿಸಿದ ಬುಶ್ ಅನ್ನುವ ಕೊಳವೆ, ಇಲ್ಲದಿದ್ದರೆ ಬೋಲ್ಟ್ ಬಿಗಿಮಾಡುವಾಗ ಚಾನಲ್ ಅಮುಕಿ ಹೋಗುತ್ತದೆ. ಬೋಲ್ಟ್ ಎಲ್ಲ ಹೆಚ್ಚು ಬಲದ 8.8 ಗ್ರೇಡ್, ತಾನಾಗಿ ಸಡಿಲವಾಗದ ನೈಲಾನ್ ನಟ್. ಬಿಗಿಮಾಡುವ ಬಲ 10 ಎಂಎಂ ಬೋಲ್ಟಿಗೆ 45 ರಿಂದ 50 ನ್ಯೂಟನ್ ಮೀಟರ್, 8 ಎಂಎಂಗೆ 25ರ ಹತ್ತಿರ. ಬೋಲ್ಟ್ ಮೇಲೆ 8.8 ಅಂತ ಅಚ್ಚು ಇಲ್ಲದ್ದನ್ನು ಮುಟ್ಟಬೇಡಿ. ಗೇಟಿಗೆ ಹಾಕುವ ಬೋಲ್ಟ್ ಸೀಟಿಗೆ ಹಾಕಿದವರನ್ನು ನೋಡಿದ್ದೇನೆ.

ಹಿಂದಿನ ಪಟ್ಟಿ ಮುಂದಿನದಕ್ಕಿಂತ ತೆಳು ಇರಬೇಕು, ತೊಡೆಗೆ ಆಸರೆ ಸಿಗುವುದು ಅಲ್ಲೇ. ಎಷ್ಟು ತೆಳು? ಅದನ್ನು ಬರೆಯುವುದಿಲ್ಲ. ಎರಡು ಕಡೆಯ ರೈಲಿನ ಲಾಕ್ ಒಂದೇ ಸಲ ಬೀಳುವ ಹಾಗೆ ಮಾಡಿದ ಉಪಾಯವೂ ನನ್ನಲ್ಲೇ ಇರಲಿ. ಅದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ಒಂದು ಕಡೆ ಮಾತ್ರ ಬಿದ್ದರೆ ಬ್ರೇಕ್ ಹಾಕಿದಾಗ ಸೀಟು ಓರೆಯಾಗಿ ತಿರುಚುತ್ತದೆ ಎಂದು ಎಚ್ಚರಿಸುತ್ತೇನೆ, ಅಷ್ಟೇ.

ಇದರಿಂದ ಬಕಲ್ ಕಂಪನಿ ಇಟ್ಟ ಜಾಗದಲ್ಲೇ, ಕಂಪನಿ ಬೋಲ್ಟಿನಲ್ಲೇ ಉಳಿಯಿತು. ಬೆಲ್ಟಿನ ಎಳೆತ ನನ್ನ ಅಡ್ಡಪಟ್ಟಿಗೆ ಬರುವುದೇ ಇಲ್ಲ, ಸೀದಾ ಪಾಲಿಯೋ ರೈಲಿಗೆ, ಅಲ್ಲಿಂದ ನೆಲಕ್ಕೆ. ಸೀಟು ಸ್ಟೀರಿಂಗಿಗೆ ನೇರ ಬಂತು. ಎತ್ತರ ಹಳೆ ಸೀಟಿಗಿಂತ ಅರ್ಧ ಬೆರಳು ಹೆಚ್ಚು. ಸಿವಿಕ್‌ನ ಎತ್ತರ ಹೊಂದಿಸುವ ಹಿಡಿಕೆ ಈಗಲೂ ಕೆಲಸ ಮಾಡುತ್ತದೆ, ಇದನ್ನು ನೋಡಿದ ಮೇಲೆಯೇ ಮೇಸ್ತ್ರಿ ಮಾತು ನಿಲ್ಲಿಸಿದ್ದು. ಹ್ಯಾಂಡ್‌ಬ್ರೇಕ್ ಕಡೆಯ ಪ್ಲಾಸ್ಟಿಕ್ ಮಾತ್ರ ಸ್ವಲ್ಪ ಕತ್ತರಿಸಬೇಕಾಯಿತು.

ಪರೀಕ್ಷೆ ಮಾಡಿದ್ದು ಕುಶಾಲನಗರದಾಚೆಯ ನೇರ ರಸ್ತೆಯಲ್ಲಿ, ಬೆಳಗಿನ ಜಾವ. ಎಲ್ಲ ನಟ್‌ಗೂ ರೈಲಿಗೂ ಬಣ್ಣದ ಗೆರೆ ಎಳೆದಿದ್ದೆ. ಅರವತ್ತರ ವೇಗದಲ್ಲಿ ಜೋರು ಬ್ರೇಕ್, ಮತ್ತೆ ಮತ್ತೆ. ಗೆರೆ ಅಲುಗಲಿಲ್ಲ. ಪಕ್ಕದ ಸೀಟಿನಲ್ಲಿ ಕಾಫಿ ಚೀಲ ಬೆಲ್ಟ್ ಹಾಕಿ ಕೂರಿಸಿದ್ದೆ. ಮನುಷ್ಯರನ್ನು ಆಮೇಲೆ ಕೂರಿಸಿದೆ.

ಮಧ್ಯೆ ಒಂದೆರಡು ಆಟ. ಕವರ್ ಹೊಲಿಸುವಾಗ ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರವೇ ಬೇಕು ಅಂದೆ. ನಮ್ಮಲ್ಲಿ ಬೂಷ್ಟು ಮೊದಲು ಹಿಡಿಯುವುದು ಹೊಲಿಗೆಯ ಸಾಲಿನಲ್ಲಿ. ಈ ಮಳೆಗಾಲ ಒಂದು ಬಿಳಿ ಚುಕ್ಕೆಯೂ ಇಲ್ಲ. ಸೀಟಿನಡಿಗೆ ಬಟ್ಟೆ ಚೀಲದಲ್ಲಿ ಇದ್ದಿಲು ಇಟ್ಟೆ, ದೊಡ್ಡ ಪ್ರಯೋಜನ ಕಾಣಲಿಲ್ಲ. ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಅಡಿಗೆ ಕಟ್ಟಿದೆ, ಅದು ಇದ್ದಿಲಿಗಿಂತ ಎಷ್ಟೋ ಮೇಲು. ಬಿಸಿ ಮಾಡುವ ಕಾರ್ಬನ್ ಪ್ಯಾಡ್ ಕೂಡ ಕವರ್ ಒಳಗೆ ಹಾಕಿಸಿದೆ, ನನ್ನ ಸೀಟಿಗೆ ಮಾತ್ರ. ನಾಲ್ಕು ಆಂಪಿಯರ್ ಎಳೆಯುತ್ತದೆ. ಚಾವಿ ಆಫ್ ಆದರೆ ಆಫ್ ಆಗುವ ಹಾಗೆ ರಿಲೇ ಬೇಕೇ ಬೇಕು. ಡಿಸೆಂಬರ್ ಬೆಳಗ್ಗೆ ಮಡಿಕೇರಿಗೆ ಹೊರಟಾಗ ಅದರ ಸುಖ ಹೇಳಿ ಮುಗಿಯದು. ಬಾವನಿಗೂ ಈಗ ಅಂಥದ್ದೇ ಬೇಕಂತೆ.

ಖರ್ಚಿನ ಲೆಕ್ಕ ನೆನಪಿದ್ದಷ್ಟು: ಸೀಟು 11 ಸಾವಿರ, ಹಾಳು ಸೀಟಿನ ರೈಲ್ ಒಂದೂವರೆ, ವ್ಯರ್ಥವಾದ ಪ್ಲೇಟು 2,800, ಎರಡನೇ ಸಲದ ಪಟ್ಟಿ ಮತ್ತು ಲೇತ್ ಕೆಲಸ ಮೂರೂವರೆ, ಬೋಲ್ಟ್ ಆರುನೂರು, ಕುಶನ್ ಮತ್ತು ಕವರ್ ಆರೂವರೆ, ಸಾಗಾಣಿಕೆ ಸೇರಿಸಿ 27 ಸಾವಿರದ ಒಳಗೆ. ಪ್ಯಾಡ್ ಬೇರೆ, ಎಂಟುನೂರೋ ಏನೋ. ರೆಕಾರೊ ಕಂಪನಿಯ ಹೊಸ ಸೀಟಿನ ಜೋಡಿ ಲಕ್ಷ ದಾಟುತ್ತದೆ, ಅದಕ್ಕೂ ಪಟ್ಟಿ ಮಾಡಿಸಲೇಬೇಕು.

ಮೂಲ ಸೀಟು ಅಟ್ಟದ ಮೇಲೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಮಡಿಕೇರಿ ಆರ್‌ಟಿಒದಲ್ಲಿ ಆರ್‌ಸಿ ನವೀಕರಣ ಇದೆ. ಆಗ ಯಾರಾದರೂ ತಕರಾರು ತೆಗೆದರೆ ಬೇಕಾಗುತ್ತದೆ. ನಾಲ್ಕು ಬೋಲ್ಟ್, ಅರ್ಧ ಗಂಟೆಯಲ್ಲಿ ಹಳೆಯದು ವಾಪಸ್ಸು. ನೆಲಕ್ಕೆ ತೂತು ಹಾಕದ್ದರ ಇನ್ನೊಂದು ಲಾಭ ಇದು.

ಯಾರಿಗಾದರೂ ಮಾಡಿಸಬೇಕು ಅನಿಸಿದರೆ ಕಾರು ತನ್ನಿ, ಅಳತೆ ಕೇಳಬೇಡಿ. ಕಾಫಿ ಕೊಯ್ಲು ಮುಗಿಯುವ ತನಕ ನನಗೆ ಪುರುಸೊತ್ತಿಲ್ಲ, ಕಣದಲ್ಲಿ ಜಾಗವೂ ಇರುವುದಿಲ್ಲ. ಮಾರ್ಚ್ ನಂತರ ಬನ್ನಿ. ಪಾಲಿಯೋದ ಹಾಳು ಸೀಟು ಒಂದು ಜೋಡಿ ನೀವೇ ಹುಡುಕಿಕೊಂಡು ಬನ್ನಿ, ಈಗೀಗ ಅದಕ್ಕೂ ರೇಟು ಏರುತ್ತಿದೆ.